ರಾತ್ರಿ ಹೊರಡುವ ಪಾರಿವಾಳಗಳು

ಬೆಂಗಳೂರಿನಿಂದ ನಾನು ಮೊದಲ ಸಲ ತರಿಸಿದ ಹೋಮರ್ ತಳಿಯ ಪಾರಿವಾಳದ ಜೋಡಿ ಶಿವಮೊಗ್ಗಕ್ಕೆ ಬಂದಿದ್ದು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ. ಮಾರಿದವರು ಚಪ್ಪಲಿ ಡಬ್ಬದಷ್ಟಿನ ಒಂದು ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಹಾಕಿ, ಸುತ್ತ ಟೇಪ್ ಸುತ್ತಿ ಕ್ಲೀನರ್ ಕೈಗೆ ಕೊಟ್ಟಿದ್ದರು. ಬೆಳಗಿನ ಜಾವ ಡಿಕ್ಕಿ ತೆಗೆದಾಗ ಯಾರದ್ದೋ ಎರಡು ಮೂಟೆ ಜಾರಿ ಪೆಟ್ಟಿಗೆ ಮೇಲೆ ಕೂತಿದ್ದವು. ಹೆಣ್ಣು ಸತ್ತಿತ್ತು. ಗಂಡು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಅದು ಬದುಕಿತು, ಈಗಲೂ ನಮ್ಮ ಗೂಡಿನಲ್ಲಿದೆ. ಆದರೆ ಆ ಪೆಟ್ಟಿಗೆ ಬಿಚ್ಚಿದ ಗಳಿಗೆಯನ್ನು ಇವತ್ತಿಗೂ ಮರೆಯೋಕೆ ಆಗಿಲ್ಲ.

ಮಾರಿದವರನ್ನು ಬೈದು ಪ್ರಯೋಜನ ಇರಲಿಲ್ಲ. ಅವರಿಗೆ ಬೇರೆ ದಾರಿಯಾದರೂ ಏನಿತ್ತು? ಮಾಮೂಲಿ ಕೊರಿಯರ್ ಆಫೀಸುಗಳಲ್ಲಿ ಜೀವ ಇರುವ ಪಾರ್ಸೆಲ್ ತಗೊಳ್ಳಲ್ಲ. ಅಂಚೆಯಲ್ಲೂ ಪಾರಿವಾಳ ಕಳಿಸೋ ಹಾಗಿಲ್ಲ. ರೈಲಿನಲ್ಲಿ ಬುಕ್ ಮಾಡಬಹುದು, ಆದರೆ ತೀರ್ಥಹಳ್ಳಿ, ಹೊಸನಗರದ ಪೇಟೆಗೆ ರೈಲೇ ಇಲ್ಲ. ಇತ್ತ ಶಿವಮೊಗ್ಗ, ಭದ್ರಾವತಿ, ಸಾಗರದಲ್ಲಿ ತಾರಸಿ ಮೇಲೆ ಗೂಡು ಕಟ್ಟಿಕೊಂಡು ಹೋಮರ್, ಟಿಪ್ಲರ್, ಲಕ್ಕಾ ತಳಿಗಳನ್ನು ಸಾಕುವವರು ಬೇಕಾದಷ್ಟು ಜನ ಇದ್ದಾರೆ. ಎಲ್ಲರೂ ಬಸ್ಸಿನ ಕ್ಲೀನರ್‌ನನ್ನೇ ನಂಬಿಕೊಂಡಿದ್ದರು. ಹಾಗಿದ್ದರೆ ನಾನೇ ಯಾಕೆ ಒಯ್ಯಬಾರದು ಅನ್ನಿಸಿತು.

ನಮ್ಮ ಬಡಾವಣೆಯಲ್ಲಿ ಚಿಕ್ಕ ವಯಸ್ಸಿನಿಂದ ಪಾರಿವಾಳ ಸಾಕಿದ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯೋದು. ಅವರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಗಾಡಿ ಬಗ್ಗೆ ಕೇಳಲಿಲ್ಲ, ದುಡ್ಡಿನ ಬಗ್ಗೆಯೂ ಕೇಳಲಿಲ್ಲ. "ನೋಡು ತಮ್ಮಾ, ಗಾಡಿ ಓಡಿಸೋದು ಯಾರು ಬೇಕಾದ್ರೂ ಕಲೀತಾರೆ. ಯಾವ ಹಕ್ಕಿ ಗಾಡಿ ಹತ್ತಬಾರದು ಅನ್ನೋದು ನಿಂಗೆ ಮೊದಲು ಗೊತ್ತಾಗಬೇಕು" ಅಂದರು. ಎರಡು ತಿಂಗಳು ದಿನಾ ಸಂಜೆ ಅವರ ತಾರಸಿಗೆ ಹೋದೆ. ಈ ಕೆಲಸದ ಮುಖ್ಯ ಪಾಠ ಪೂರ್ತಿ ಅಲ್ಲೇ ಆಯಿತು.

ಪಾರಿವಾಳವನ್ನು ಹಿಡಿಯೋಕೆ ಒಂದು ರೀತಿ ಇದೆ. ಎರಡೂ ಕಾಲು ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಹಿಂದಕ್ಕೆ ಬರಬೇಕು. ಹೆಬ್ಬೆರಳು ರೆಕ್ಕೆಯ ತುದಿಗಳ ಮೇಲೆ. ಎದೆ ಇನ್ನೊಂದು ಅಂಗೈ ಮೇಲೆ. ಹೀಗೆ ಹಿಡಿದರೆ ಅದು ಒದ್ದಾಡಲ್ಲ, ಸುಮ್ನೆ ಕೂರುತ್ತದೆ. ಮೊದಲು ಎದೆಮೂಳೆ ಸವರಿ ನೋಡುತ್ತೇನೆ. ಚಾಕುವಿನ ಅಂಚಿನ ಹಾಗೆ ಚೂಪಾಗಿ ಸಿಕ್ಕಿದರೆ ಹಕ್ಕಿ ಬಡಕಲಾಗಿದೆ, ಒಳಗೆ ಏನೋ ಕಾಯಿಲೆ ಇದೆ ಅಂತ ಅರ್ಥ. ಆಮೇಲೆ ಮೆಲ್ಲಗೆ ಕೊಕ್ಕು ತೆರೆದು ಗಂಟಲು ನೋಡಬೇಕು. ಮೊಸರು ಗಟ್ಟಿಯಾದ ಹಾಗೆ ಹಳದಿ ಗಂಟು ಕಂಡರೆ ಅದು ಕ್ಯಾಂಕರ್ ಅನ್ನುವ ಗಂಟಲಿನ ಕಾಯಿಲೆ. ಕಿವಿ ಹತ್ತಿರ ಹಿಡಿದುಕೊಂಡರೆ ಉಸಿರು ಕೇಳುತ್ತದೆ. ಗೊರಗೊರ ಸದ್ದು ಬಂದರೆ ಆ ಹಕ್ಕಿ ವಾಪಸ್ ಗೂಡಿಗೆ. ಕಣ್ಣು, ಕೊಕ್ಕಿನ ಸುತ್ತ ಗುಳ್ಳೆ ಇದ್ದರೆ ಸಿಡುಬು. ಸೊಳ್ಳೆ ಕಚ್ಚಿ ಹರಡುವ ಕಾಯಿಲೆ ಅದು, ನಮ್ಮ ಕಡೆ ಮಳೆ ನಿಂತ ಮೇಲೆ ಹೆಚ್ಚು ನೋಡಿದ್ದೇನೆ. ಕುತ್ತಿಗೆ ತಿರುಚಿಕೊಂಡು, ಕಾಳು ಹೆಕ್ಕೋಕೆ ಹೋಗಿ ಗುರಿ ತಪ್ಪುವ ಹಕ್ಕಿ ಇದ್ದರಂತೂ ಆ ಗೂಡಿನಿಂದ ಒಂದನ್ನೂ ಹತ್ತಿಸಿಕೊಳ್ಳಲ್ಲ. ಪ್ಯಾರಾಮಿಕ್ಸೋ ಅನ್ನುವ ವೈರಸ್ ಕಾಯಿಲೆಯ ಲಕ್ಷಣ ಅದು. ಒಂದರಿಂದ ಇಡೀ ಗಾಡಿಗೆ ಹಬ್ಬುತ್ತದೆ. ಅನುಮಾನ ಬಂದರೆ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ತೋರಿಸಿಕೊಂಡು ಬನ್ನಿ ಅನ್ನುತ್ತೇನೆ.

ಇನ್ನೊಂದು ಪ್ರಶ್ನೆಯನ್ನು ತಪ್ಪದೇ ಕೇಳುತ್ತೇನೆ: ಈ ಜೋಡಿಗೆ ಮೊಟ್ಟೆ, ಮರಿ ಇದೆಯಾ? ಪಾರಿವಾಳದ ಮರಿಗೆ ಮೊದಲ ದಿನಗಳಲ್ಲಿ ಅಪ್ಪ, ಅಮ್ಮ ಇಬ್ಬರೂ ಹಾಲು ಕುಡಿಸುತ್ತವೆ. ಕುತ್ತಿಗೆ ಬುಡದಲ್ಲಿರುವ ಕಾಳಿನ ಚೀಲದಲ್ಲೇ ಆ ಹಾಲು ಆಗೋದು. ಮೊಟ್ಟೆ ಒಡೆಯೋಕೆ 17–18 ದಿನ ಬೇಕು. ಮರಿ ತಾನಾಗಿ ಕಾಳು ಹೆಕ್ಕಿ ತಿನ್ನೋಕೆ ಮತ್ತೆ ಸುಮಾರು ಐದು ವಾರ. ಆ ಹೊತ್ತಿನಲ್ಲಿ ದೊಡ್ಡದನ್ನು ಎತ್ತಿಕೊಂಡು ಹೋದರೆ ಗೂಡಿನಲ್ಲಿ ಮರಿ ಹಸಿದು ಸಾಯುತ್ತದೆ. ಕೆಲವರು ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ, ಅಲ್ವಾ? ಹೆಚ್ಚೆಂದರೆ ಎರಡು ತಿಂಗಳು ಕಾದರೆ ಯಾರಿಗೂ ನಷ್ಟ ಇಲ್ಲ.

ಗಾಡಿ, ಕಾಗದದ ವಿಷಯ ಚಿಕ್ಕದು. ಹಳೆಯ ಓಮ್ನಿ ಕೊಂಡು ಹಳದಿ ಬೋರ್ಡ್ ಮಾಡಿಸಿದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಪುಕ್ಕಟೆ ಆಗುತ್ತದೆ. ಪಾಲಿಕೆಯಲ್ಲಿ ಲೈಸೆನ್ಸ್ ಮಾಡಿಸಿದೆ. ಎರಡು ಕಾಯ್ದೆಗಳನ್ನು ಮಾತ್ರ ಕೂತು ಓದಿದೆ. ಒಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಪ್ರಾಣಿಗೆ ನೋವಾಗುವ ಹಾಗೆ ಸಾಗಿಸೋದೇ ಅದರಲ್ಲಿ ಅಪರಾಧ. ಇನ್ನೊಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಸಾಕು ಪಾರಿವಾಳಕ್ಕೆ ಅದರ ತೊಂದರೆ ಇಲ್ಲ. ಆದರೆ ಮಲೆನಾಡಲ್ಲಿ ಬೇರೆ ಹಕ್ಕಿಗಳೂ ಬರುತ್ತವೆ. "ಅಣ್ಣ, ಇದೊಂದು ಗಿಣಿ ಇದೆ, ಚೀಲದಲ್ಲಿ ಇಟ್ಟುಕೊಂಡು ಹೋಗಿಬಿಡಿ" ಅಂತ ಕೇಳಿದವರಿದ್ದಾರೆ. ತೋಟದಲ್ಲಿ ಬಲೆಗೆ ಬಿದ್ದ ಬೆಳವ ತಂದವರೂ ಇದ್ದಾರೆ. ಗಿಣಿ, ಬೆಳವ, ಹಸಿರು ಪಾರಿವಾಳ ಇವೆಲ್ಲ ಕಾಡಿನವು. ಮುಟ್ಟೋದೇ ಇಲ್ಲ.

ಪೆಟ್ಟಿಗೆ ವಿಷಯದಲ್ಲಿ ನಾನು ಮೂರು ಸಲ ತಪ್ಪು ಮಾಡಿದೆ. ಮೊದಲು ರಟ್ಟಿನ ಪೆಟ್ಟಿಗೆ. ಹಿಕ್ಕೆ ಬಿದ್ದು ಒದ್ದೆಯಾದರೆ ತಳ ಕಿತ್ತುಬರುತ್ತದೆ. ಅದನ್ನು ತೊಳೆದು ಮತ್ತೆ ಬಳಸೋಕೂ ಆಗಲ್ಲ, ಕಾಯಿಲೆ ಅದರಲ್ಲೇ ಉಳಿಯುತ್ತದೆ. ಆಮೇಲೆ ಟೊಮೆಟೊ ಕ್ರೇಟ್ ತಂದೆ. ಗಾಳಿ ಚೆನ್ನಾಗಿ ಆಡಿತು, ಆದರೆ ಬದಿಯ ಕಿಂಡಿಯಲ್ಲಿ ರೆಕ್ಕೆ ಸಿಕ್ಕಿ ಗರಿ ಮುರಿಯಿತು. ರೇಸ್ ಹಕ್ಕಿಗೆ ಒಂದು ಗರಿ ಹೋದರೂ ಅದು ಮತ್ತೆ ಬರೋ ತನಕ ಕಷ್ಟ. ಒಳಗಡೆ ಸಣ್ಣ ಕಣ್ಣಿನ ನೆಟ್ ಹೊಡೆದ ಮೇಲೆ ಅದು ಸರಿಯಾಯಿತು. ತಳಕ್ಕೆ ಏನು ಹಾಕೋದು? ನಮ್ಮೂರಲ್ಲಿ ಅಡಿಕೆ ಹಾಳೆಗೆ ಬರವಿಲ್ಲ. ಹಾಳೆ ಕತ್ತರಿಸಿ ತಳಕ್ಕೆ ಕೂರಿಸಿದೆ, ನೋಡೋಕೆ ಚಂದವಾಗಿತ್ತು. ಭದ್ರಾವತಿ ಮುಟ್ಟುವಷ್ಟರಲ್ಲಿ ಹಕ್ಕಿಗಳು ತಿರುವು ತಿರುವಿಗೂ ಜಾರಿ ಕಾಲು ಅಗಲಿಸಿ ಕೂತಿದ್ದವು. ಈಗ ಹಾಳೆ ಮೇಲೆ ಗೋಣಿ ತುಂಡು ಬಿಗಿದು ಹೊಲಿದಿರುತ್ತೇನೆ. ಗೋಣಿಯನ್ನು ಉಗುರು ಹಿಡಿಯುತ್ತದೆ, ತೇವವನ್ನು ಹಾಳೆ ತಡೆಯುತ್ತದೆ. ಭತ್ತದ ಹೊಟ್ಟು ಹಾಕಬೇಡಿ, ರೆಕ್ಕೆ ಬಡಿದಾಗ ಎದ್ದು ಕಣ್ಣಿಗೆ ಹೋಗುತ್ತದೆ. ಒಂದು ಕ್ರೇಟಿಗೆ ಒಂದೇ ಜೋಡಿ. ಎರಡು ಗಂಡು ಒಟ್ಟಿಗೆ ಹಾಕಿದರೆ ತಲೆ ಕುಕ್ಕಿಕೊಂಡು ರಕ್ತ ಮಾಡಿಕೊಳ್ಳುತ್ತವೆ.

ಪ್ರತಿ ಸಲ ಕ್ರೇಟುಗಳನ್ನು ಬ್ಲೀಚಿಂಗ್ ಪುಡಿ ನೀರಲ್ಲಿ ತೊಳೆಯಲೇಬೇಕು. ಆಷಾಢದಲ್ಲಿ ನಮ್ಮಲ್ಲಿ ಬಿಸಿಲು ಎಲ್ಲಿ? ಬಚ್ಚಲ ಒಲೆಯ ಪಕ್ಕದ ಗೋಡೆಗೆ ಒರಗಿಸಿ ಒಣಗಿಸುತ್ತೇನೆ. ಹಿಕ್ಕೆ ಕೆರೆಯುವಾಗ ಮುಖಕ್ಕೆ ಮಾಸ್ಕ್ ಇರಲಿ. ಆ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಕೆಡುತ್ತದೆ.

ಹೊರಡುವ ಹೊತ್ತು ಕಲಿಸಿಕೊಟ್ಟಿದ್ದೂ ಭಾಯ್. ಪಾರಿವಾಳದ ಮೈ ಬಿಸಿ 41–42 ಡಿಗ್ರಿ ಇರುತ್ತದೆ. ಅದಕ್ಕೆ ಬೆವರೋಕೆ ಬರಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ತಂಪಾಗಬೇಕು. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ತರೀಕೆರೆ ದಾಟಿದರೆ ಬಯಲುಸೀಮೆ. ಏಪ್ರಿಲ್ ಮಧ್ಯಾಹ್ನ ಕಡೂರು, ಅರಸೀಕೆರೆ ದಾರಿಯಲ್ಲಿ ತಗಡಿನ ಗಾಡಿಯೊಳಗೆ ಹಕ್ಕಿ ಇಡೋದು ಅಂದರೆ ಒಲೆ ಮೇಲೆ ಇಟ್ಟ ಹಾಗೆ. ಅದಕ್ಕೇ ಬೆಂಗಳೂರಿಗೆ ನಾನು ಹೊರಡೋದು ರಾತ್ರಿ ಹತ್ತಕ್ಕೆ. ಕತ್ತಲಲ್ಲಿ ಪಾರಿವಾಳ ಗಲಾಟೆ ಮಾಡಲ್ಲ. ಗೂಡಿನಿಂದ ಹಿಡಿಯೋದೂ ಸಂಜೆ ಮಬ್ಬಿನಲ್ಲೇ ಸುಲಭ. ಮಧ್ಯಾಹ್ನದ ಮೇಲೆ ಕಾಳು ಹಾಕಬೇಡಿ, ನೀರು ಮಾತ್ರ ಇಡಿ ಅಂತ ಮೊದಲೇ ಹೇಳಿರುತ್ತೇನೆ. ಹೊಟ್ಟೆ ತುಂಬಿದ್ದರೆ ಗಾಡಿ ಕುಲುಕಿದಾಗ ಕಾಳು ಕಕ್ಕುತ್ತವೆ. ತಿಪಟೂರಿನ ಹತ್ತಿರ ಒಂದು ಸಲ ನಿಲ್ಲಿಸಿ ಟಾರ್ಚನ್ನು ಕೈಯಲ್ಲಿ ಮರೆ ಮಾಡಿ ಒಂದೊಂದೇ ಕ್ರೇಟ್ ನೋಡುತ್ತೇನೆ. ಬೆಳಕು ಹರಿಯುವ ಮುಂಚೆ ತಲುಪಿಸಿಬಿಡುತ್ತೇನೆ.

ಇಷ್ಟೆಲ್ಲ ಗೊತ್ತಿದ್ದೂ ಒಂದು ಜುಲೈಯಲ್ಲಿ ತಪ್ಪಿದೆ. ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗುತ್ತಿದ್ದೆ. ಎಂಟು ಜೋಡಿ. ಮಾಸ್ತಿಕಟ್ಟೆ ದಾಟುತ್ತಲೇ ಮಳೆ ಅಡ್ಡಡ್ಡ ಹೊಡೆಯೋಕೆ ಶುರುವಾಯಿತು. ಹಕ್ಕಿ ನೆನೆಯುತ್ತವಲ್ಲ ಅಂತ ಕಿಟಕಿ ಏರಿಸಿದೆ, ಕ್ರೇಟುಗಳ ಮೇಲೆ ಪ್ಲಾಸ್ಟಿಕ್ ಶೀಟ್ ಹೊದೆಸಿದೆ. ಘಾಟಿಯ ನಡುವೆ ಮರ ಬಿದ್ದಿತ್ತು. ಎರಡೂವರೆ ಗಂಟೆ ಅಲ್ಲೇ ನಿಂತೆ. ಹೊರಗೆ ನನಗೆ ಚಳಿ ಆಗುತ್ತಿತ್ತು, ಹಾಗಾಗಿ ಒಳಗೆ ಅವು ಬೆಚ್ಚಗಿವೆ ಅಂದುಕೊಂಡೆ. ದಾರಿ ಬಿಟ್ಟ ಮೇಲೆ ಶೀಟ್ ಎತ್ತಿದರೆ ಒಳಗಿನ ಹವೆ ಮುಖಕ್ಕೆ ಹಬೆಯ ಹಾಗೆ ಹೊಡೆಯಿತು. ಮೂರು ಹಕ್ಕಿ ಹೋಗಿದ್ದವು. ಉಳಿದವು ಕುತ್ತಿಗೆ ಚಾಚಿ, ಬಾಯಿ ತೆರೆದು ನಿಂತಿದ್ದವು. ಮಳೆಯಲ್ಲೇ ಬಾಗಿಲು ಹಾರು ಹೊಡೆದು ಅರ್ಧ ಗಂಟೆ ಅಲ್ಲೇ ಕೂತೆ. ಒಂದೊಂದಕ್ಕೂ ನೀರು ಹಿಡಿದೆ.

ಸತ್ತ ಹಕ್ಕಿಗಳ ಮೂವರು ಮಾಲೀಕರಿಗೂ ಪೂರ್ತಿ ದುಡ್ಡು ಕೊಟ್ಟೆ. ಅವರಲ್ಲಿ ಒಬ್ಬರು ಬೇಡ ಅಂದರು, ಆದರೂ ಕೊಟ್ಟೆ. ಆ ವಾರವೇ ಗಾಡಿಯ ಕಿಟಕಿ ಗಾಜು ತೆಗೆಸಿ ಜಾಲರಿ ಹಾಕಿಸಿದೆ. ಹೊರಗಡೆ ನೀರು ಒಳಗೆ ಬಾರದ ಹಾಗೆ ಇಳಿಜಾರಾಗಿ ತಗಡಿನ ಚಜ್ಜ ಮಾಡಿಸಿದೆ. ಬ್ಯಾಟರಿಗೆ ಎರಡು ಸಣ್ಣ ಫ್ಯಾನ್, ಡ್ರೈವರ್ ಸೀಟಿನಿಂದ ಕಾಣೋ ಹಾಗೆ ಒಂದು ಥರ್ಮಾಮೀಟರ್. ಕ್ರೇಟುಗಳ ನಡುವೆ ನಾಲ್ಕು ಬೆರಳು ಸಂದು. ಒದ್ದೆಯಾದ ಹಕ್ಕಿ ಒಣಗುತ್ತದೆ. ಉಸಿರು ಕಟ್ಟಿದ್ದನ್ನು ವಾಪಸ್ ತರೋಕೆ ಆಗಲ್ಲ. ಈಗ ಜೋರು ಮಳೆಯ ಎಚ್ಚರಿಕೆ ಇದ್ದ ದಿನ ಘಾಟಿ ಇಳಿಯಲ್ಲ, ಎಷ್ಟೇ ಬಾಡಿಗೆ ಕೊಡುತ್ತೇನೆ ಅಂದರೂ ಇಲ್ಲ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಹಕ್ಕಿಜ್ವರ ಕಾಣಿಸಿಕೊಂಡಾಗಲೂ ಗಾಡಿ ಪೂರ್ತಿ ನಿಲ್ಲಿಸಿದ್ದೆ.

ಹೋಮರ್ ಕೊಳ್ಳುವವರಿಗೆ ಒಂದು ಮಾತು. ಭದ್ರಾವತಿಯಿಂದ ತೀರ್ಥಹಳ್ಳಿಗೆ ಎರಡು ವರ್ಷದ ಗಂಡೊಂದನ್ನು ಒಯ್ದಿದ್ದೆ. ಕೊಂಡವರು ನಾಲ್ಕು ದಿನ ಗೂಡಿನಲ್ಲಿಟ್ಟು ಐದನೇ ದಿನ ಬೆಳಿಗ್ಗೆ ಬಿಟ್ಟರು. ಮಧ್ಯಾಹ್ನಕ್ಕೆ ಭದ್ರಾವತಿಯಿಂದ ಫೋನ್: "ಹಕ್ಕಿ ವಾಪಸ್ ಬಂದು ತನ್ನ ಹಳೇ ಕಿಂಡೀಲೇ ಕೂತಿದೆ ಮಾರಾಯ!" ಅದು ಅದರ ತಪ್ಪಲ್ಲ, ಅದರ ಗುಣವೇ ಹಾಗೆ. ಬೆಳೆದ ಹೋಮರ್ ಹುಟ್ಟಿ ಹಾರಿದ ಗೂಡನ್ನು ಮರೆಯಲ್ಲ. ಅದನ್ನು ತಳಿಗೆ ಅಂತ ಒಳಗೇ ಇಟ್ಟು ಸಾಕಬೇಕು, ಅದರ ಮರಿಗಳನ್ನು ಹಾರಿಸಬೇಕು. ಹಾರಿಸೋಕೇ ಬೇಕು ಅಂದರೆ ಐದಾರು ವಾರದ, ಇನ್ನೂ ಹೊರಗೆ ಹಾರದ ಮರಿ ಕೊಳ್ಳಿ. ಆ ಗಂಡನ್ನು ಬಾಡಿಗೆ ಇಲ್ಲದೇ ಮತ್ತೆ ತೀರ್ಥಹಳ್ಳಿಗೆ ಮುಟ್ಟಿಸಿದೆ. ಅಲ್ಲಿಂದ ಮುಂದೆ ಹಕ್ಕಿಯ ವಯಸ್ಸು, ಕಾಲಿನ ರಿಂಗ್ ನಂಬರು, ಫೋಟೋ, ಇಬ್ಬರ ಒಪ್ಪಿಗೆ ಎಲ್ಲವನ್ನೂ ಹೊರಡುವ ಮೊದಲೇ ಬರೆದಿಟ್ಟುಕೊಳ್ಳುತ್ತೇನೆ.

ದುಡ್ಡಿನ ವಿಷಯ ಹೇಳಬೇಕು. ಮೊದಲ ಆರು ತಿಂಗಳು ಪೆಟ್ರೋಲ್ ಲೆಕ್ಕ ನೋಡಿದರೆ ಕೈಯಿಂದಲೇ ಹೋಗುತ್ತಿತ್ತು. ಕರೆದಾಗಲೆಲ್ಲ ಓಡುತ್ತಿದ್ದೆ, ಬರುವಾಗ ಗಾಡಿ ಖಾಲಿ. ಆಮೇಲೆ ಬೆಂಗಳೂರಿಗೆ ವಾರಕ್ಕೊಂದೇ ದಿನ ಅಂತ ಮಾಡಿದೆ, ಹತ್ತು ಜೋಡಿ ಸೇರದಿದ್ದರೆ ಹೊರಡಲ್ಲ. ವಾಪಸ್ ಬರುವಾಗ ಇಲ್ಲಿನವರಿಗೆ ಬೇಕಾದ ಮಿಶ್ರ ಕಾಳು, ಗ್ರಿಟ್ (ಕಾಳು ಅರೆಯೋಕೆ ಹಕ್ಕಿ ನುಂಗುವ ಸಣ್ಣ ಕಲ್ಲಿನ ಚೂರು), ರಿಂಗ್, ಔಷಧಿ ತರುತ್ತೇನೆ. ನಿಜ ಹೇಳಬೇಕೆಂದರೆ ಮನೆ ಖರ್ಚು ನಡೆಯುತ್ತಿರುವುದು ಆ ವಾಪಸ್ ಲೋಡಿನಿಂದ.

ನನಗೆ ತುಂಬಾ ಇಷ್ಟವಾದ ದಾರಿ ತುಮರಿಯದು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಗುವ ಮುಂಚೆ ಓಮ್ನಿಯನ್ನು ಅಂಬಾರಗೊಡ್ಲುವಿನಲ್ಲಿ ಬಿಟ್ಟು, ಒಂದು ಕ್ರೇಟ್ ತೊಡೆ ಮೇಲೆ ಇಟ್ಟುಕೊಂಡು ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿದ್ದೆ. ಆಚೆ ದಡದಲ್ಲಿ ಹನ್ನೆರಡು ವರ್ಷದ ಹುಡುಗ ಅಪ್ಪನ ಜೊತೆ ಕಾಯುತ್ತಿದ್ದ. "ಈಗಲೇ ಬಿಡ್ಲಾ ಅಣ್ಣ?" ಅಂದ. ಮೊದಲು ನೀರು ಕೊಡು ಅಂದೆ. ಬಟ್ಟಲಲ್ಲಿ ಎರಡು ಬೆರಳು ಆಳ ನೀರು ಹಾಕಿದ. ಕೋಳಿ ಹಾಗೆ ಪಾರಿವಾಳ ಗುಟುಕಿಗೊಮ್ಮೆ ತಲೆ ಎತ್ತಲ್ಲ. ಕೊಕ್ಕು ಮುಳುಗಿಸಿ ಒಂದೇ ಸಮ ಹೀರುತ್ತದೆ. ಹುಡುಗ ಅದನ್ನು ನೋಡುತ್ತಾ ಅಲ್ಲೇ ಮಂಡಿಯೂರಿ ಕೂತುಬಿಟ್ಟ. ಹಿಡಿಯೋದು ಹೇಗೆ, ಏನೇನು ನೋಡಬೇಕು ಅಂತ ಅವನಿಗೆ ಹೇಳಿಕೊಟ್ಟು ಬಂದೆ.

ಈಗ ಸೇತುವೆ ಮೇಲೆ ಗಾಡಿ ನೇರ ಅವರ ಅಂಗಳಕ್ಕೇ ಹೋಗುತ್ತದೆ. ಅವನ ಹತ್ತಿರ ಆರು ಜೋಡಿ ಆಗಿವೆ. ಹೋದ ತಿಂಗಳು ಸಾಗರದವರೊಬ್ಬರು ಒಂದು ಜೋಡಿ ಕೇಳಿದ್ದರು, ತರೋಕೆ ಹೋಗಿದ್ದೆ. ಹುಡುಗ ಗಂಡನ್ನು ಸರಿಯಾಗಿ ಬೆರಳ ಸಂದಿಯಲ್ಲಿ ಹಿಡಿದು ತಂದ, ಎದೆ ಸವರಿದ, ಕೊಕ್ಕು ತೆರೆದು ತೋರಿಸಿದ. ಆಮೇಲೆ ನಾನು ಕೇಳುವ ಮೊದಲೇ ಹೇಳಿದ: "ಹಕ್ಕಿ ಚೆನ್ನಾಗಿದೆ ಅಣ್ಣ. ಆದ್ರೆ ನಿನ್ನೆ ರಾತ್ರಿ ಹೆಣ್ಣು ಮೊಟ್ಟೆ ಇಟ್ಟಿದೆ. ಇವತ್ತು ಬೇಡ, ಮರಿ ದೊಡ್ಡದಾದ ಮೇಲೆ ಬನ್ನಿ." ಖಾಲಿ ಕ್ರೇಟ್ ಗಾಡಿಗೆ ಹಾಕಿಕೊಂಡು, ಅವರ ಮನೆಯಲ್ಲಿ ಕಾಫಿ ಕುಡಿದು ವಾಪಸ್ ಬಂದೆ.