ನನ್ನ ಸಂಗೀತ ಕಛೇರಿಗೆ ನಾನೇ ಅಂಕ ಹಾಕಿಕೊಂಡ ಅನುಭವ

ಕಛೇರಿ ಮುಗಿಸಿ ವೇದಿಕೆ ಇಳಿಯುವಾಗ ಯಾರಾದರೂ "ಇವತ್ತು ಹೇಗಾಯ್ತು?" ಅಂದರೆ ಈಗ ನಾನು ನೆಟ್ಟಗೆ ಉತ್ತರ ಕೊಡಬಲ್ಲೆ. ಶ್ರುತಿ ಎಂಟು, ಲಯ ಒಂಬತ್ತು, ಹಾಡುಗಾರರನ್ನು ಹಿಂಬಾಲಿಸಿದ್ದು ಏಳು. ಎರಡು ಮೂರು ದಿನ ಬಿಟ್ಟು ರೆಕಾರ್ಡಿಂಗ್ ಕೇಳಿದರೂ ಹೆಚ್ಚುಕಡಿಮೆ ಅದೇ ಅಂಕ ಬರುತ್ತದೆ. ಹದಿನೈದು ವರ್ಷದ ಮೇಲಾಯಿತು ನಾನು ಪಿಟೀಲು ಪಕ್ಕವಾದ್ಯ ನುಡಿಸಲು ಶುರುಮಾಡಿ. ಈ ಅಂದಾಜು ನನಗೆ ಕೂಡಿಬಂದಿದ್ದು ಕಳೆದ ಎರಡು ಸೀಸನ್‌ಗಳಲ್ಲಿ. ಅದು ಬಂದ ಮೇಲೆ ವೇದಿಕೆಯ ಭಯ ಅರ್ಧಕ್ಕಿಂತ ಜಾಸ್ತಿ ಇಳಿಯಿತು.

ಶುರುವಿನಲ್ಲಿ ಇದನ್ನು ಯಾರೂ ಒಪ್ಪಲಿಲ್ಲ. "ಸಂಗೀತಕ್ಕೆ ಅಂಕ ಹಾಕೋದು ಪರೀಕ್ಷೆಯವರ ಕೆಲಸ, ನೀನು ಸಾಧನೆ ಮಾಡು" ಅಂದರು ಹಿರಿಯರು. ನನ್ನ ಜೊತೆ ಜಾಸ್ತಿ ಕೂರುವ ಮೃದಂಗದ ಗೆಳೆಯ, "ನಿನ್ನ ಕೈ ನಡುಗೋದಕ್ಕೂ ಅಂಕ ಬರೆಯೋ ಈ ನೋಟ್‌ಬುಕ್ಕಿಗೂ ಏನು ಸಂಬಂಧ?" ಅಂತ ಕೇಳಿದ. ಸಂಬಂಧ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತೊಂದರೆ ಏನು ಅಂತ ಪಿಟೀಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಚೌಕಕಾಲದ, ಅಂದರೆ ನಿಧಾನಗತಿಯ, ಕೃತಿಯಲ್ಲಿ ಉದ್ದ ಕಮಾನು ಎಳೆಯುತ್ತೀರಿ. ಸುಮಾರು ಮಧ್ಯಕ್ಕೆ ಬಂದಾಗ ಕಮಾನು ತಂತಿಯ ಮೇಲೆ ಸಣ್ಣಗೆ ಕುಪ್ಪಳಿಸುತ್ತದೆ. ಮೊದಲ ಸಾಲಿನವರಿಗೆ ಕಾಣದಿದ್ದರೂ ಮೈಕ್ ಬಿಡುವುದಿಲ್ಲ. ತಡೆಯೋಣ ಅಂತ ಹೆಬ್ಬೆರಳು ಬಿಗಿ ಮಾಡಿದರೆ ನಡುಕ ಇನ್ನೂ ಜಾಸ್ತಿ. ಅಷ್ಟರಲ್ಲಿ ಬಲಪಾದದ ಮೇಲೆ ಆನಿಸಿದ ಪಿಟೀಲಿನ ತಲೆ ಬೆವರಿಗೆ ಜಾರಲು ಶುರು. ಜಾರಿದ್ದನ್ನು ಎಡಗೈ ಹಿಡಿಯಲು ಹೋಗುತ್ತದೆ, ಗಮಕ (ಸ್ವರದ ತೂಗಾಟ) ಕೆಡುತ್ತದೆ. ಅಲ್ಲಿಂದ ಮುಂದೆ ಆ ಸಂಜೆಯೆಲ್ಲ ತಲೆಯಲ್ಲಿ ಒಂದೇ ಮಾತು: ಇವತ್ತು ಹೋಯ್ತು.

ಇದಕ್ಕೆ ನಾನು ಸುರಿದ ದುಡ್ಡು ಕಡಿಮೆಯೇನಲ್ಲ. ಒಂದು ವಾರಾಂತ್ಯದ ಶಿಬಿರಕ್ಕೆ ಆರು ಸಾವಿರದಷ್ಟು ಕೊಟ್ಟೆ. ಕಣ್ಣು ಮುಚ್ಚಿ, ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುವುದನ್ನು ಕಲ್ಪಿಸಿಕೊಳ್ಳಿ ಅಂದರು. ಕಲ್ಪಿಸಿಕೊಂಡೆ. ಮುಂದಿನ ಕಛೇರಿಯಲ್ಲೂ ಕಮಾನು ಹಾಗೇ ಕುಪ್ಪಳಿಸಿತು. ಧ್ಯಾನದ ಆ್ಯಪ್‌ಗೆ ವರ್ಷಕ್ಕೆ ಒಂದೂವರೆ ಸಾವಿರ ಹೋಯಿತು. ನಿದ್ದೆ ಚೆನ್ನಾಗಿ ಬಂತು, ಅಷ್ಟೇ. ಆಮೇಲೆ ವೈದ್ಯರ ಹತ್ತಿರ ಹೋಗಿ ಪ್ರೊಪ್ರನಲಾಲ್ ಬಗ್ಗೆ ಕೇಳಿದೆ. ಹೃದಯ ಬಡಿತ ಇಳಿಸುವ ಮಾತ್ರೆ ಅದು, ಲೋಕದ ಎಲ್ಲ ಕಡೆ ವಾದ್ಯಗಾರರು ಕದ್ದುಮುಚ್ಚಿ ತೆಗೆದುಕೊಳ್ಳುತ್ತಾರೆ. ವೈದ್ಯರು ಮೊದಲು ಕೇಳಿದ್ದೇ ಆಸ್ತಮಾ ಇದೆಯಾ ಅಂತ. ಇರುವವರಿಗೆ ಅದು ಅಪಾಯ, ಹಾಗಾಗಿ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಮನೆಯಲ್ಲಿ ಒಮ್ಮೆ ನೋಡಿ, ಆಮೇಲೆ ಒಂದು ಸಣ್ಣ ಕಛೇರಿಗೆ ತೆಗೆದುಕೊಂಡೆ. ಕೈ ನಡುಕ ನಿಂತಿತು. ಆದರೆ ಸ್ಥಳದಲ್ಲೇ ಸ್ವರ ಕಟ್ಟಿ ಹಾಡುವ ಕಲ್ಪನಾಸ್ವರದಲ್ಲಿ ಹಾಡುಗಾರರಿಗೆ ಉತ್ತರ ಕೊಡುವ ಚುರುಕು ನನಗೆ ಸಿಗಲಿಲ್ಲ. ಪಕ್ಕವಾದ್ಯದವನಿಗೆ ಆ ಚುರುಕೇ ಬಂಡವಾಳ, ಅಲ್ವಾ? ಅಲ್ಲಿಗೆ ಬಿಟ್ಟೆ.

ರೆಕಾರ್ಡಿಂಗ್ ಕೇಳುವ ಅಭ್ಯಾಸ ಎಲ್ಲರಿಗೂ ಇದೆ. ನನಗೂ ಇತ್ತು. ಮೊದಲು ಫೋನಿನಲ್ಲೇ ಮಾಡುತ್ತಿದ್ದೆ. ಫೋನು ತಾನಾಗಿ ಸದ್ದಿನ ಮಟ್ಟ ಏರಿಸಿ ಇಳಿಸುತ್ತದೆ. ಮೆಲ್ಲಗೆ ನುಡಿಸಿದ್ದೂ ಜೋರಾಗಿ ನುಡಿಸಿದ್ದೂ ಒಂದೇ ಥರ ಕೇಳುತ್ತದೆ. ಹಾಡುಗಾರರ ಮೇಲೆ ಬಿದ್ದು ನುಡಿಸಿದ್ದೀನಾ ಅನ್ನೋದು ಗೊತ್ತೇ ಆಗುವುದಿಲ್ಲ. ಒಂಬತ್ತು ಸಾವಿರ ಚಿಲ್ಲರೆ ಕೊಟ್ಟು ಒಂದು ರೆಕಾರ್ಡರ್ ತೆಗೆದುಕೊಂಡೆ, ಮಟ್ಟವನ್ನು ಕೈಯಲ್ಲೇ ಕಟ್ಟುತ್ತೇನೆ. ಸೌಂಡ್‌ನವರ ಬೋರ್ಡಿನಿಂದ ತಂತಿ ಎಳೆಯುವುದಿಲ್ಲ, ಅದರಲ್ಲಿ ಅವರು ಬಿಟ್ಟಷ್ಟೇ ಪಿಟೀಲು ಇರುತ್ತದೆ. ಸಭೆಯಲ್ಲೇ ಇಡುತ್ತೇನೆ. ಎಷ್ಟನೇ ಸಾಲು, ಎಷ್ಟು ಎತ್ತರ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ, ಬಹಳ ಒದ್ದಾಡಿ ಕಂಡುಕೊಂಡಿದ್ದು. ಪಿಟೀಲು ನುಡಿಸುವವನ ಎಡಗಿವಿಯ ಕೆಳಗೇ ಇರುತ್ತದೆ. ಕಮಾನಿನ ಕೂದಲು ತಂತಿಗೆ ತೀಡುವ ಸದ್ದು ಅವನಿಗೆ ಜೋರು, ಹತ್ತು ಅಡಿ ಆಚೆ ಕೂತವರಿಗೆ ಇಲ್ಲವೇ ಇಲ್ಲ. ಮೈಕ್ ಇಲ್ಲದ ಕಾಲದಲ್ಲಿ ನಮ್ಮ ಚೌಡಯ್ಯನವರು ಹಿಂದಿನ ಸಾಲಿಗೂ ಮುಟ್ಟಲಿ ಅಂತ ಏಳು ತಂತಿಯ ಪಿಟೀಲು ಹಿಡಿದರು. ತನಗೆ ಕೇಳುವುದು ಬೇರೆ, ಸಭೆಗೆ ಕೇಳುವುದು ಬೇರೆ ಅನ್ನುವುದು ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ನನಗೆ ಅದು ತಲೆಗೆ ಹೋಗಲು ಈ ರೆಕಾರ್ಡರ್ ಬೇಕಾಯಿತು.

ಆದರೆ ಬರೀ ಕೇಳಿ ಏನೂ ಆಗಲಿಲ್ಲ. ಅದೇ ರಾತ್ರಿ ಕೇಳಿದರೆ ಚಪ್ಪಾಳೆ ಬಿದ್ದ ಕಛೇರಿಯೆಲ್ಲ ಚೆನ್ನಾಗಿ ಕೇಳುತ್ತಿತ್ತು. ಜನ ಎದ್ದು ಹೋದ ಕಛೇರಿಯೆಲ್ಲ ಕೆಟ್ಟದಾಗಿ ಕೇಳುತ್ತಿತ್ತು. ಒಂದು ವಾರ ಬಿಟ್ಟು ಕೇಳಿದರೆ ಸಂಗೀತ ಸರಿಯಾಗಿ ಕೇಳುತ್ತಿತ್ತು, ಆದರೆ ವೇದಿಕೆ ಮೇಲೆ ಆಗ ನನಗೆ ಏನನ್ನಿಸಿತ್ತು ಅನ್ನೋದು ಮರೆತುಹೋಗಿರುತ್ತಿತ್ತು.

ತಿರುವು ಬಂದಿದ್ದು ಅಂದಾಜನ್ನು ಮೊದಲೇ ಬರೆದಿಡಲು ಶುರುಮಾಡಿದ ಮೇಲೆ. ಈಗ ನಾನು ಮಾಡುವುದು ಇಷ್ಟು. ಕಛೇರಿ ಮುಗಿದು ಒಂದು ಗಂಟೆಯೊಳಗೆ, ಯಾರ ಹತ್ತಿರವೂ ಕಛೇರಿ ಬಗ್ಗೆ ಮಾತಾಡುವ ಮೊದಲು, ಜೇಬಿನ ಪುಸ್ತಕದಲ್ಲಿ ಹತ್ತಕ್ಕೆ ಇಷ್ಟು ಅಂತ ಅಂಕ ಬರೆಯುತ್ತೇನೆ. ಆಟೋದಲ್ಲೇ ಬರೆದಿದ್ದು ಜಾಸ್ತಿ. ಎರಡು ಮೂರು ದಿನ ಬಿಟ್ಟು, ಆ ಪುಟ ನೋಡದೆ ರೆಕಾರ್ಡಿಂಗ್ ಕೇಳಿ ಮತ್ತೆ ಅಂಕ ಹಾಕುತ್ತೇನೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಎಷ್ಟು ಅಂಕ ಬಂತು ಅನ್ನೋದಕ್ಕಿಂತ ಎರಡರ ನಡುವೆ ಎಷ್ಟು ಅಂತರ ಅನ್ನೋದನ್ನೇ ನಾನು ಹಿಡಿದು ಕೂರುತ್ತೇನೆ.

ಶುರುವಿನಲ್ಲಿ ಕಾಲಂಗಳು ಹದಿನಾಲ್ಕೋ ಹದಿನೈದೋ ಇದ್ದವು. ನಾದ, ಗಮಕ, ಕಮಾನು, ರಾಗಭಾವ, ಸಾಹಿತ್ಯದ ಪದವಿಂಗಡಣೆ, ಕೂತ ಭಂಗಿ, ಎಲ್ಲ. ಆಟೋದಲ್ಲಿ ಅಷ್ಟು ತುಂಬುವಷ್ಟರಲ್ಲಿ ಮನೆ ಬರುತ್ತಿತ್ತು, ಕೊನೆಯ ಐದಾರಕ್ಕೆ ಸುಮ್ನೆ ಏಳು ಏಳು ಅಂತ ಗೀಚುತ್ತಿದ್ದೆ. ಕಡಿಯುತ್ತಾ ಬಂದು ನಾಲ್ಕು ಉಳಿಸಿದೆ: ಶ್ರುತಿ, ಲಯ, ಹಿಂಬಾಲಿಕೆ, ಚೇತರಿಕೆ.

ಮೊದಲ ತಿಂಗಳುಗಳಲ್ಲಿ ಅಂತರ ಮೂರು ಅಂಕದ ಆಸುಪಾಸಿನಲ್ಲಿತ್ತು. ಅದೂ ಒಂದೇ ದಿಕ್ಕಿಗಲ್ಲ. ಶ್ರುತಿಗೆ ನಾನು ಯಾವಾಗಲೂ ಕಡಿಮೆ ಹಾಕುತ್ತಿದ್ದೆ, ಲಯಕ್ಕೆ ಯಾವಾಗಲೂ ಜಾಸ್ತಿ. ಒಂದು ರಾಮನವಮಿ ಕಛೇರಿಯ ಪುಟ ಈಗಲೂ ಮುಂದೆ ಇದೆ. ಬೇಗಡೆ ರಾಗದಲ್ಲಿ ಕಮಾನು ನಡುಗಿತ್ತು, ಮಧ್ಯಮ ಸ್ವರ ಕೂತಿಲ್ಲ ಅಂತ ನನಗೆ ಖಾತ್ರಿ. ಅಂದಾಜು: ಶ್ರುತಿ 4, ಲಯ 9. ಕೇಳಿದ ಮೇಲೆ: ಶ್ರುತಿ 7, ಲಯ 6. ಮಧ್ಯಮ ಸರಿಯಾಗೇ ಇತ್ತು. ನಡುಕ ಹೆಡ್‌ಫೋನ್ ಹಾಕಿಕೊಂಡು ಹುಡುಕಿದರೆ ಒಂದೆರಡು ಕಡೆ ಮಾತ್ರ ಸಿಕ್ಕಿತು. ನನ್ನ ಗಮನಕ್ಕೇ ಬಾರದಿದ್ದದ್ದು ಬೇರೆ. ಸ್ವರದಲ್ಲಿ ನನ್ನ ಸರದಿ ಬಂದಾಗಲೆಲ್ಲ ಎಡುಪಿಗೆ, ಅಂದರೆ ತಾಳದಲ್ಲಿ ಸಾಲು ಶುರುವಾಗುವ ಜಾಗಕ್ಕೆ, ಕೂದಲೆಳೆಯಷ್ಟು ಮುಂಚೆ ಇಳಿಯುತ್ತಿದ್ದೆ, ಮೃದಂಗದವರು ನನ್ನನ್ನು ಹಿಡಿದು ಹಿಂದೆ ಎಳೆಯುತ್ತಿದ್ದರು. ಆಮೇಲೆ ನನ್ನದೇ ಸೋಲೋ ಕಛೇರಿಯೊಂದನ್ನು ಮೆಟ್ರೊನೋಮ್ ಹಿಡಿದು ಅಳೆದೆ. ನಿಮಿಷಕ್ಕೆ 72 ತಟ್ಟಿನ ಹತ್ತಿರ ಶುರುವಾದ ಕೃತಿ ಮುಗಿಯುವಾಗ 80ರ ಮೇಲಿತ್ತು. ನುಡಿಸುವಾಗ ಕಾಲಪ್ರಮಾಣ ಕಲ್ಲಿನ ಹಾಗೆ ನಿಂತಿದೆ ಅನ್ನಿಸಿತ್ತು.

ಗೆಳೆಯ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೈ ನಡುಗಿದ ದಿನಗಳ ಶ್ರುತಿ ಮತ್ತೆ ಮತ್ತೆ ಆರೂವರೆ, ಏಳು ಅಂತ ಬಂತು. ಹತ್ತಾರು ಪುಟದಲ್ಲಿ ಅದನ್ನೇ ನೋಡಿದ ಮೇಲೆ, ಮುಂದಿನ ಸಲ ಕಮಾನು ನಡುಗಿದಾಗ ತಲೆಯಲ್ಲಿ "ಇವತ್ತು ಹೋಯ್ತು" ಬರಲಿಲ್ಲ. "ಸಭೆಗೆ ಇದು ಏಳು" ಅಂತ ಬಂತು. ಹೆಬ್ಬೆರಳು ತಾನಾಗಿ ಸಡಿಲವಾಯಿತು. ಧೈರ್ಯ ತಂದುಕೋ ಅಂತ ಎಷ್ಟು ಜನ ಹೇಳಿದ್ದರೋ. ನನ್ನದೇ ಕೈಬರಹದ ಪುಟಗಳು ಕೊಟ್ಟ ಧೈರ್ಯವನ್ನು ಅವರ್ಯಾರೂ ಕೊಡಲಿಲ್ಲ.

ಕೊನೆಯ ಕಾಲಂ, ಚೇತರಿಕೆ, ನನಗೆ ಎಲ್ಲಕ್ಕಿಂತ ಇಷ್ಟ. ಎಡವಿದ ಮೇಲೆ ಎಷ್ಟು ಆವರ್ತದಲ್ಲಿ, ಅಂದರೆ ತಾಳದ ಎಷ್ಟು ಸುತ್ತಿನಲ್ಲಿ, ದಾರಿಗೆ ಬಂದೆ ಅನ್ನುವ ಲೆಕ್ಕ. ಮೊದಲು ನೆರವಲ್‌ನಲ್ಲಿ (ಕೃತಿಯ ಒಂದೇ ಸಾಲನ್ನು ಬೇರೆ ಬೇರೆ ಥರ ಬೆಳೆಸುವ ಭಾಗ) ಒಂದು ಕಡೆ ಜಾರಿದರೆ ಮುಂದಿನ ಎರಡು ಕೃತಿಗಳೂ ಮಂಕಾಗಿರುತ್ತಿದ್ದವು. ಈಗ ಒಂದು ಆವರ್ತ, ಹೆಚ್ಚೆಂದರೆ ಎರಡು. ಇದಕ್ಕೆ ಅಭ್ಯಾಸವನ್ನೇ ಬೇರೆ ಥರ ಕಟ್ಟಿದೆ. ಎರಡು ಗಂಟೆಗೆ ಒಂದೂವರೆ ಸಾವಿರದಂತೆ ಸಣ್ಣ ಹಾಲ್ ಹಿಡಿದೆ. ಹಾಡಲು ಒಬ್ಬರನ್ನು, ಮೃದಂಗಕ್ಕೆ ಅದೇ ಗೆಳೆಯನನ್ನು ದುಡ್ಡು ಕೊಟ್ಟು ಕೂರಿಸಿದೆ. ಹೇಳದೆ ಕೇಳದೆ ಎಡುಪು ಬದಲಿಸಿ, ಮಧ್ಯದಲ್ಲೇ ನಿಲ್ಲಿಸಿ, ನಾನು ತಯಾರಿಲ್ಲದ ರಾಗ ಎತ್ತಿಕೊಳ್ಳಿ ಅಂತ ಮೊದಲೇ ಹೇಳಿಟ್ಟಿದ್ದೆ. ಅವರು ಚೂರೂ ಕರುಣೆ ತೋರಿಸಲಿಲ್ಲ. ಎಡವಿದ ಕೂಡಲೇ ಏನು ಮಾಡಬೇಕು ಅನ್ನುವುದಕ್ಕೆ ನನ್ನದೇ ಒಂದು ಗುರುತು ಇದೆ, ಕಮಾನಿನ ತುದಿಯಲ್ಲಿ ಮಾಡುವ ಒಂದು ಸಣ್ಣ ಕೆಲಸ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹತ್ತಿರ ಕಲಿಯುವವರಿಗೆ ಮಾತ್ರ ತೋರಿಸುತ್ತೇನೆ. ರೆಕಾರ್ಡರ್, ಹಾಲ್, ಸಂಭಾವನೆ ಎಲ್ಲ ಸೇರಿ ಇಪ್ಪತ್ತೈದು ಮೂವತ್ತು ಸಾವಿರ ಹೋಗಿರಬೇಕು. ಸಣ್ಣ ಸಭೆಗಳಲ್ಲಿ ಪಕ್ಕವಾದ್ಯಕ್ಕೆ ನನಗೆ ಎರಡೂವರೆ ಮೂರು ಸಾವಿರ ಸಿಗುತ್ತದೆ. ಅಂದರೆ ಹತ್ತು ಕಛೇರಿಯ ದುಡ್ಡು. ಮನೆಯಲ್ಲಿ ಪ್ರಶ್ನೆ ಬಂದೇ ಬಂತು. ಒಂದೇ ಸೀಸನ್‌ನಲ್ಲಿ ಹೊಸ ಕರೆಗಳಿಂದ ಅಷ್ಟೂ ವಾಪಸ್ ಬಂತು.

ಮಧ್ಯೆ ಒಂದಷ್ಟು ಬೇರೆ ಪ್ರಯೋಗಗಳನ್ನೂ ಮಾಡಿದೆ. ಎರಡೂವರೆ ಸಾವಿರಕ್ಕೆ ಎದೆಗೆ ಕಟ್ಟುವ, ಹೃದಯ ಬಡಿತ ಅಳೆಯುವ ಪಟ್ಟಿ ತಂದೆ. ಸುಮ್ಮನೆ ಕೂತಾಗ 70, ವೇದಿಕೆಗೆ ಹತ್ತುವ ಮುಂಚೆ 115ರ ಮೇಲೆ. ಕಛೇರಿಯ ಮೊದಲ ರಚನೆಯಾದ ವರ್ಣ ಶುರುವಾಗಿ ಮೂರು ನಾಲ್ಕು ನಿಮಿಷಕ್ಕೆ ಅದು ತಾನಾಗಿ 100ರ ಕೆಳಗೆ ಬರುತ್ತಿತ್ತು. ಅದು ಗೊತ್ತಾದ ಮೇಲೆ ಆ ಮೂರು ನಾಲ್ಕು ನಿಮಿಷ ಕಮಾನನ್ನು ಒಡೆದು ಚಿಕ್ಕದಾಗಿ ಎಳೆಯುತ್ತೇನೆ, ಉದ್ದ ಕಮಾನಿಗೆ ಕೈ ಹಾಕುವುದೇ ಇಲ್ಲ. ಮನೆಯಲ್ಲಿ ಮೂರು ಮಹಡಿ ಮೆಟ್ಟಿಲು ಓಡಿ ಹತ್ತಿ, ಬಡಿತ 120 ಇರುವಾಗಲೇ ಕೂತು ಉದ್ದ ಷಡ್ಜ ಎಳೆಯುವ ಅಭ್ಯಾಸವನ್ನೂ ಮಾಡಿದೆ. ಮೊದಮೊದಲು ಕೇಳಲಾಗುತ್ತಿರಲಿಲ್ಲ. ಮೊಣಕೈ ಭಾರ ಬಿಟ್ಟು, ಕಮಾನು ತಿರುಗುವಾಗ ಉಸಿರು ಉದ್ದಕ್ಕೆ ಹೊರಗೆ ಬಿಟ್ಟರೆ ಆ ಬಡಿತದಲ್ಲೂ ನೇರ ಎಳೆಯಬಹುದು ಅಂತ ಅಲ್ಲೇ ಕಲಿತದ್ದು.

ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಹಾಡುವ ಮುಂಚೆ "ನನಗೆ ಉತ್ಸಾಹ ಆಗ್ತಿದೆ" ಅಂತ ಗಟ್ಟಿಯಾಗಿ ಹೇಳಿಕೊಂಡವರು, "ಗಾಬರಿ ಆಗ್ತಿದೆ" ಅಂದವರಿಗಿಂತ ಚೆನ್ನಾಗಿ ಹಾಡಿದರಂತೆ. ನಾನೂ ಗ್ರೀನ್ ರೂಮಿನಲ್ಲಿ ಹೇಳಿ ನೋಡಿದೆ. ಸೋಲೋಗೆ ನಿಜವಾಗಿ ಕೆಲಸ ಮಾಡಿತು. ಪಕ್ಕವಾದ್ಯಕ್ಕೆ ಆಗಲಿಲ್ಲ. ಉತ್ಸಾಹ ಏರಿ ಹಾಡುಗಾರರು ಉಸಿರು ತೆಗೆದುಕೊಂಡ ಕಡೆಯೆಲ್ಲ ನಾನು ತುಂಬಿಬಿಟ್ಟಿದ್ದೆ, ಹಿಂಬಾಲಿಕೆ ಐದಕ್ಕೆ ಬಿತ್ತು. ಪುಸ್ತಕ ಇಲ್ಲದಿದ್ದರೆ ಇದು ಕಾಣುತ್ತಲೇ ಇರಲಿಲ್ಲ, ಯಾಕೆಂದರೆ ಆ ಸಂಜೆ ಜನ ತುಂಬಾ ಚಪ್ಪಾಳೆ ಹೊಡೆದರು.

ವಾದ್ಯವಿಲ್ಲದ ಅಭ್ಯಾಸ ಮಾತ್ರ ಬಿಡಲಾರೆ. ಬಸ್ಸಿನಲ್ಲಿ ಕೂತು ಅಟತಾಳದ ವರ್ಣವನ್ನು, ಆ ತಾಳದ ಹದಿನಾಲ್ಕು ಅಕ್ಷರ (ಎಣಿಕೆ) ಬಿಡದೆ, ಎರಡು ವೇಗದಲ್ಲಿ ಮನಸ್ಸಿನಲ್ಲೇ ನುಡಿಸುತ್ತೇನೆ. ಬೆರಳು ಅಲ್ಲಾಡಿಸುವುದಿಲ್ಲ. ಎಲ್ಲಿ ಸ್ವರ ಮಸುಕಾಗುತ್ತದೋ ಆ ಜಾಗವನ್ನು ಬರೆದಿಡುತ್ತೇನೆ. ಒತ್ತಡ ಜಾಸ್ತಿಯಾದಾಗ ವೇದಿಕೆಯಲ್ಲಿ ಕೈ ಕೊಡುವುದು ಹೆಚ್ಚಾಗಿ ಅದೇ ಜಾಗಗಳು.

ಬೇರೆಯವರಿಂದ ಅಂಕ ಹಾಕಿಸಿದ್ದು ಪೂರ್ತಿ ವ್ಯರ್ಥ. ಶಿಷ್ಯರು ಎಲ್ಲದಕ್ಕೂ ಒಂಬತ್ತು ಕೊಟ್ಟರು. ಹಾಡುಗಾರರು "ಚೆನ್ನಾಗಿತ್ತು" ಅಂದರು. ಈಗ ಅಂಕ ಕೇಳುವುದಿಲ್ಲ, ಒಂದೇ ಪ್ರಶ್ನೆ ಕೇಳುತ್ತೇನೆ: "ನೆರವಲ್‌ನಲ್ಲಿ ನಾನು ನಿಮಗೆ ಎಲ್ಲಿ ಅಡ್ಡ ಬಂದೆ?" ಅದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ, ಅದೂ ಸಾಲಿನ ಸಮೇತ.

ಫಲಿತಾಂಶ ಹೇಳಲೇಬೇಕು. ಶ್ರುತಿ, ಲಯದಲ್ಲಿ ಅಂತರ ಈಗ ಅರ್ಧ ಅಂಕದ ಆಚೀಚೆ. ಆಕಾಶವಾಣಿಯ ಕಲಾವಿದರ ಶ್ರೇಣಿಯಲ್ಲಿ ಬಿ ಹೈನಲ್ಲಿದ್ದೆ, ಕಳೆದ ಸಲದ ಆಡಿಷನ್‌ನಲ್ಲಿ ಅದರ ಮೇಲಿನ ಎ ಗ್ರೇಡ್ ಬಂತು. ಸ್ಟುಡಿಯೋದಲ್ಲಿ ಸಭೆಯೂ ಇಲ್ಲ, ಚಪ್ಪಾಳೆಯೂ ಇಲ್ಲ. ನುಡಿಸಿದ್ದು ಹೇಗಿತ್ತು ಅಂತ ಹೇಳುವವರು ಯಾರೂ ಇರುವುದಿಲ್ಲ. ಹೊರಗೆ ಬಂದು ಪುಸ್ತಕದಲ್ಲಿ ಎಂಟೂವರೆ ಅಂತ ಬರೆದು, ನೆಮ್ಮದಿಯಾಗಿ ಮನೆಗೆ ಹೋದೆ.

ಹಿಂಬಾಲಿಕೆಯ ಕಾಲಂ ಮಾತ್ರ ಇನ್ನೂ ಪಳಗಿಲ್ಲ, ಅಂತರ ಒಂದೂವರೆಯಲ್ಲೇ ನಿಂತಿದೆ. ಪುಟ ತಿರುವಿ ನೋಡಿದರೆ ಅದು ದೊಡ್ಡದಾಗಿರುವುದು ಬಿರ್ಕಾ, ಅಂದರೆ ವೇಗದ ಸ್ವರಗಳ ಸುರುಳಿ, ಜಾಸ್ತಿ ಹಾಡುವವರ ಜೊತೆ ಕೂತಾಗ. ಅವರ ಪ್ರತಿ ಬಿರ್ಕಾವನ್ನೂ ಹಿಡಿಯಲು ಹೋಗುವ ಬದಲು, ಅದು ಇಳಿಯುವ ಸ್ವರವನ್ನು ಮಾತ್ರ ಹಿಡಿದು ನಿಲ್ಲುವುದನ್ನು ಈ ಸೀಸನ್‌ನಲ್ಲಿ ಪ್ರಯತ್ನಿಸುತ್ತಿದ್ದೇನೆ. ನಾಲ್ಕೈದು ಕಛೇರಿಯ ಅಂಕ ಬಂದಿದೆ, ಅಂತರ ಒಂದರ ಹತ್ತಿರ ಇಳಿಯುತ್ತಿದೆ.