ವೈರಿನ ಒಳಗೇ ಹರಿದು ಮೀಟರಿಗೆ ಬಂದ ಮಳೆನೀರು

"ಲೋ, ಮೀಟರ್ ಬೆವರ್ತಾ ಇದೆ ನೋಡೋ," ಅಂತ ಅಮ್ಮ ಕೂಗಿದಾಗ ನಾನು ಊಟಕ್ಕೆ ಕೂತಿದ್ದೆ. ಎರಡು ದಿನದಿಂದ ಬಿಡದೆ ಮಳೆ ಹೊಡೆಯುತ್ತಿತ್ತು. ಟಾರ್ಚ್ ಹಿಡಿದು ಹೋಗಿ ನೋಡಿದೆ. ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಮೀಟರಿನ ಕಿಟಕಿಗೆ ಒಳಗಡೆಯಿಂದ ಮಂಜು ಕವಿದಿತ್ತು. ಅಂಕಿಗಳು ಅರ್ಧಂಬರ್ಧ ಕಾಣುತ್ತಿದ್ದವು, 6 ಯಾವುದು 8 ಯಾವುದು ಅಂತ ಹೇಳುವ ಹಾಗಿರಲಿಲ್ಲ. ಕೆಳಗೆ, ವೈರುಗಳು ಒಳಹೋಗುವ ಕವರಿನ ಅಂಚಿನಲ್ಲಿ ಒಂದೇ ಒಂದು ಹನಿ ನೇತಾಡುತ್ತಿತ್ತು.

ನಾನು ಮನೆ ವೈರಿಂಗ್ ಕೆಲಸ ಮಾಡುವವನು. ಬೇರೆಯವರ ಮನೆ ಮೀಟರ್ ಬೋರ್ಡ್ ನೋಡಿ "ಇದೇನ್ರೀ ಹೀಗೆ ಬಿಟ್ಟಿದ್ದೀರಾ" ಅಂತ ಬುದ್ಧಿ ಹೇಳಿದ್ದೇ ಜಾಸ್ತಿ. ನಮ್ಮ ಮನೆಯದನ್ನು ಸರಿಯಾಗಿ ನೋಡಿ ಎಷ್ಟು ವರ್ಷವಾಗಿತ್ತೋ!

ಇದಕ್ಕೂ ಮುಂಚೆ ಒಂದು ತಪ್ಪು ಮಾಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಹಿಂದಿನ ಮಳೆಗೇ ಮೀಟರ್ ಇರುವ ಬಾಕ್ಸಿನ ತಳದಲ್ಲಿ ಸ್ವಲ್ಪ ನೀರು ನಿಂತಿದ್ದು ಕಂಡಿತ್ತು. ಎರಚಲು ಹೊಡೆದಿರಬೇಕು ಅಂದುಕೊಂಡೆ. ದಪ್ಪನೆಯ ಪ್ಲಾಸ್ಟಿಕ್ ಹಾಳೆ ತಂದು ಇಡೀ ಬಾಕ್ಸಿಗೆ ಸುತ್ತಿ, ಸುತ್ತಲೂ ಟೇಪ್ ಹೊಡೆದು, ಕೈ ತೊಳೆದುಕೊಂಡೆ. ಸೂರಿನ ಶೀಟನ್ನೂ ಒಂದಡಿ ಮುಂದಕ್ಕೆ ಎಳೆದೆ. ನೀರು ಮೇಲಿನಿಂದ ಬರುತ್ತಿದ್ದರೆ ಅಷ್ಟು ಸಾಕಿತ್ತು. ಆದರೆ ಅದು ಬರುತ್ತಿದ್ದ ದಾರಿಯೇ ಬೇರೆ. ನನ್ನ ಪ್ಲಾಸ್ಟಿಕ್ ಮಾಡಿದ ಕೆಲಸ ಒಂದೇ, ಒಳಗೆ ಬಂದ ತೇವ ಹೊರಗೆ ಹೋಗದ ಹಾಗೆ ಕಟ್ಟಿಹಾಕಿದ್ದು. ಹಗಲು ಬಾಕ್ಸ್ ಬಿಸಿಯಾದಾಗ ಆ ತೇವ ಆವಿಯಾಗುತ್ತದೆ, ರಾತ್ರಿ ತಣ್ಣಗಾದಾಗ ಗಾಜಿಗೆ, ವೈರು ಸಿಕ್ಕಿಸಿ ಸ್ಕ್ರೂ ಬಿಗಿಯುವ ಟರ್ಮಿನಲ್ಲಿಗೆ ಹನಿಯಾಗಿ ಕೂರುತ್ತದೆ. ಪಾತ್ರೆಗೆ ತಟ್ಟೆ ಮುಚ್ಚಿಟ್ಟ ಹಾಗೆ.

ಸರಿ, ಆ ರಾತ್ರಿಗೆ ಬರೋಣ. ಕಿವಿ ಕೊಟ್ಟರೆ ಸಣ್ಣಗೆ ಚಿಟಿಚಿಟಿ ಸದ್ದು ಕೇಳುತ್ತಿತ್ತು. ಸುಟ್ಟ ಮೀನಿನಂಥ ವಾಸನೆ. ಪ್ಲಾಸ್ಟಿಕ್ ಬಿಸಿಯಾದಾಗ ಬರುವ ವಾಸನೆ ಅದು, ಈ ಕೆಲಸದಲ್ಲಿ ಇರುವವರಿಗೆ ಗೊತ್ತು. ಅಮ್ಮ ಒಣಬಟ್ಟೆ ತಂದು ನಿಂತಿದ್ದರು. "ಒರೆಸಿಬಿಡ್ಲಾ?" ಅಂದರು. "ಮುಟ್ಟಬೇಡಮ್ಮಾ, ಆ ಗೋಡೆನೂ ಮುಟ್ಟಬೇಡ, ಒಳಗೆ ಹೋಗು" ಅಂದೆ.

ಇಲ್ಲಿ ಜನ ಮೋಸ ಹೋಗುವ ಒಂದು ವಿಷಯ ಇದೆ. ಮೇನ್ ಸ್ವಿಚ್ ಆಫ್ ಮಾಡಿದರೆ ಮನೆಯ ಕರೆಂಟೆಲ್ಲ ಹೋಯಿತು ಅಂದುಕೊಳ್ಳುತ್ತೇವೆ. ಮನೆ ಒಳಗಿನದು ಹೋಯಿತು, ನಿಜ. ಆದರೆ ಕಂಬದಿಂದ ಬರುವ ವೈರು ಮೊದಲು ಮೀಟರಿಗೆ ಬರುತ್ತದೆ, ಮೀಟರಿನಿಂದ ಮೇನ್ ಸ್ವಿಚ್ಚಿಗೆ ಹೋಗುತ್ತದೆ. ಸ್ವಿಚ್ ಆಫ್ ಇದ್ದರೂ ಮೀಟರಿನ ಟರ್ಮಿನಲ್ಲಿನಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತದೆ. ಶಾಕ್ ಹೊಡೆಯದಂತೆ ಕಾಯಲು ಮನೆಗೆ ಹಾಕಿಸಿಕೊಳ್ಳುವ 30 ಮಿಲಿಆಂಪಿನ ಆರ್‌ಸಿಸಿಬಿ ಕೂಡ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಇರುವುದು ಮೀಟರ್ ದಾಟಿದ ಮೇಲೆ. ತನ್ನ ಹಿಂದೆ ಏನು ಸೋರುತ್ತಿದೆ ಅನ್ನುವುದು ಅದಕ್ಕೆ ತಿಳಿಯುವುದೇ ಇಲ್ಲ. ಹಾಗಾಗಿ "ಟ್ರಿಪ್ ಆಗಿಲ್ಲ, ಅಂದಮೇಲೆ ಏನೂ ಆಗಿಲ್ಲ" ಅನ್ನುವ ಲೆಕ್ಕ ಮೀಟರಿನ ಮಟ್ಟಿಗೆ ತಪ್ಪು.

ಆದರೂ ಮೇನ್ ಆಫ್ ಮಾಡಿದೆ. ನಮ್ಮ ಮೇನ್ ಸ್ವಿಚ್ ಒಳಗಿನ ಗೋಡೆಯಲ್ಲಿದೆ, ಅಲ್ಲಿ ಒಣಗಿತ್ತು. ಅದು ಮೀಟರಿನ ಪಕ್ಕದಲ್ಲೇ, ಒದ್ದೆ ಬೋರ್ಡಿನ ಮೇಲೆ ಇದ್ದಿದ್ದರೆ ನಾನೂ ಕೈ ಹಾಕುತ್ತಿರಲಿಲ್ಲ. ಆಫ್ ಮಾಡಿದ್ದಕ್ಕೆ ಕಾರಣ ಎರಡು. ಒಂದು, ಲೋಡ್ ಇಲ್ಲದಿದ್ದರೆ ಕೆಟ್ಟ ಜಾಯಿಂಟ್ ಅಷ್ಟು ಬಿಸಿಯಾಗುವುದಿಲ್ಲ. ಎರಡನೆಯದು, ಮೀಟರಿನ ಕೆಂಪು ದೀಪ ಏನು ಹೇಳುತ್ತದೆ ಅಂತ ನೋಡಬೇಕಿತ್ತು.

ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಟುಕುತ್ತಿರುತ್ತದಲ್ಲ, ಅದು ಸುಮ್ನೆ ಮಿಟುಕುವುದಲ್ಲ. ಒಂದು ಯೂನಿಟ್ಟಿಗೆ ಎಷ್ಟು ಮಿಟುಕು ಅಂತ ಮೀಟರಿನ ಮುಖದ ಮೇಲೇ ಬರೆದಿರುತ್ತದೆ. ನಮ್ಮದರಲ್ಲಿ 3200. ಮೇನ್ ಆಫ್ ಇದ್ದಾಗ ಅದು ಮಿಟುಕಲೇಬಾರದು. ನಾನು ನಾಲ್ಕು ಹೆಜ್ಜೆ ದೂರ ನಿಂತು ಮೊಬೈಲಿನಲ್ಲಿ ಟೈಮ್ ನೋಡಿದೆ. ಒಂದೂವರೆ ನಿಮಿಷಕ್ಕೊಮ್ಮೆ ಮಿಟುಕಿತು. ಅಂದರೆ ಗಂಟೆಗೆ 40. ಲೆಕ್ಕ ಹಾಕಿದರೆ ಹನ್ನೆರಡೂವರೆ ವ್ಯಾಟ್. ಮನೆಯಲ್ಲಿ ಒಂದು ದೀಪವೂ ಉರಿಯುತ್ತಿಲ್ಲ, ಆದರೂ ಒಂದು ಬಲ್ಬಿನಷ್ಟು ಕರೆಂಟು ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಎಲ್ಲೋ ಸೋರುತ್ತಿದೆ. ದಿನಕ್ಕೆ 0.3 ಯೂನಿಟ್. ಬಿಲ್ಲಿಗೆ ಅದು ದೊಡ್ಡದಲ್ಲ. ಆದರೆ ಅಷ್ಟು ಬಿಸಿ ಒಂದು ಬೆರಳಗಲ ಜಾಗದಲ್ಲಿ ಕೂತಿದೆ ಅನ್ನುವುದು ದೊಡ್ಡದು.

ದೂರು ಕೊಟ್ಟೆ. "ಮೀಟರಿನೊಳಗೆ ನೀರು ಬಂದಿದೆ" ಅಂತಷ್ಟೇ ಹೇಳಿದರೆ ಸಾಲಿನಲ್ಲಿ ಹಿಂದೆ ಬೀಳುತ್ತದೆ, "ಸದ್ದು ಬರ್ತಾ ಇದೆ, ವಾಸನೆ ಬರ್ತಾ ಇದೆ" ಅಂತ ಮೊದಲು ಅದನ್ನೇ ಹೇಳಿದೆ. ಕಾಯುವಾಗ ಮೀಟರ್ ನಂಬರ್ ಮತ್ತು ರೀಡಿಂಗ್ ಕಾಣುವ ಹಾಗೆ ದೂರದಿಂದಲೇ ಜೂಮ್ ಮಾಡಿ ನಾಲ್ಕೈದು ಫೋಟೋ ತೆಗೆದೆ. ಮಂಜಿನ ಮಧ್ಯೆ ಅಂಕಿ ಸ್ಪಷ್ಟವಾಗುವ ಒಂದು ಕ್ಷಣ ಸಿಕ್ಕೇ ಸಿಗುತ್ತದೆ. ಡಿಸ್‌ಪ್ಲೇ ಪೂರ್ತಿ ಆರಿಹೋದರೆ ಆಮೇಲೆ ಕೊನೆಯ ರೀಡಿಂಗ್ ಎಷ್ಟಿತ್ತು ಅನ್ನುವ ವಾದಕ್ಕೆ ಈ ಫೋಟೋ ಬಿಟ್ಟು ಬೇರೆ ಗತಿ ಇಲ್ಲ. ಸೀಲ್ ಹಾಗೇ ಇರುವುದೂ ಫೋಟೋದಲ್ಲಿ ಬರಲಿ. ನನ್ನ ಬಳಿ ಎಲ್ಲ ಸಾಮಾನೂ ಇತ್ತು, ಕವರ್ ಬಿಚ್ಚಲು ಕೈ ತುರಿಸುತ್ತಲೂ ಇತ್ತು. ಆದರೆ ಸೀಲ್ ನಮ್ಮದಲ್ಲ, ಮೀಟರಿಗೆ ಬರುವ ವೈರೂ ನಮ್ಮದಲ್ಲ. ಲೈವ್ ಇರುವ ಒದ್ದೆ ಟರ್ಮಿನಲ್ ಬಿಚ್ಚುವುದು ಧೈರ್ಯವೂ ಅಲ್ಲ.

ಲೈನ್‌ಮನ್ ಬಂದಾಗ ಮಳೆ ಸ್ವಲ್ಪ ಇಳಿದಿತ್ತು. ಕಂಬದಲ್ಲೇ ನಮ್ಮ ಲೈನ್ ಬಿಡಿಸಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಸೀಲ್ ತೆಗೆದು ಕವರ್ ಬಿಚ್ಚಿದರು. ನಾನು ಟಾರ್ಚ್ ಹಿಡಿದೆ. ಹಿತ್ತಾಳೆ ಸ್ಕ್ರೂಗಳ ಮೇಲೆ ಹಸಿರು ಕಿಲುಬು. ಅಲ್ಯೂಮಿನಿಯಂ ಎಳೆಗಳ ಸುತ್ತ ಬಿಳಿ ಪುಡಿ. ಎರಡು ಟರ್ಮಿನಲ್ಲಿನ ನಡುವೆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಒಂದು ಗೆರೆ, ಪೆನ್ಸಿಲ್ಲಿನಲ್ಲಿ ಕೊಂಕಾಗಿ ಎಳೆದ ಹಾಗೆ. ಟಾರ್ಚ್ ಓರೆ ಮಾಡಿದರೆ ಮಿನುಗುತ್ತಿತ್ತು. ಅದೇ ಚಿಟಿಚಿಟಿ ಮಾಡುತ್ತಿದ್ದದ್ದು. ನೀರಿನ ಜೊತೆ ಬಂದ ಧೂಳು, ಉಪ್ಪಿನಂಶದ ಮೇಲೆ ಕರೆಂಟು ಹರಿದು ಪ್ಲಾಸ್ಟಿಕ್ ಅಲ್ಲಲ್ಲೇ ಸುಟ್ಟು ಇಂಗಾಲವಾಗುತ್ತದೆ. ಇಂಗಾಲದಲ್ಲಿ ಕರೆಂಟು ಹರಿಯುತ್ತದೆ. ಹರಿದಷ್ಟೂ ಇನ್ನಷ್ಟು ಸುಡುತ್ತದೆ. ಒಮ್ಮೆ ಆ ಗೆರೆ ಬಿದ್ದ ಮೇಲೆ ಬೇಸಿಗೆ ಬಂದರೂ ಅದು ಹೋಗುವುದಿಲ್ಲ.

"ಒಣಗಿಸಿ ಹಾಕಿದ್ರೆ ಆಗಲ್ವೇನಪ್ಪಾ?" ಅಂತ ಅಮ್ಮ ಬಾಗಿಲಿನಿಂದ ಕೇಳಿದರು.

"ಆಗಲ್ಲಮ್ಮಾ. ನೀರು ಒಣಗುತ್ತೆ, ಅದು ತಂದಿರೋ ಕೊಳೆ ಎಲ್ಲಿ ಹೋಗುತ್ತೆ? ಮೀಟರ್ ಬದಲಾಯಿಸ್ಲೇಬೇಕು," ಅಂದರು ಲೈನ್‌ಮನ್.

ಆಮೇಲೆ ಅವರು ಒಳಬರುವ ಫೇಸ್ ವೈರನ್ನು ಟರ್ಮಿನಲ್ಲಿನಿಂದ ಎಳೆದು, ತುದಿಯನ್ನು ನೆಲದ ಕಡೆ ಬಗ್ಗಿಸಿದರು. ಎಳೆಗಳ ನಡುವಿನಿಂದ ನೀರು ಬಂತು. ಒಂದು ಹನಿ, ಎರಡು ಹನಿ, ಆಮೇಲೆ ಸಣ್ಣ ದಾರದಂತೆ. ಕಾಲು ಲೋಟವಾದರೂ ಇತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇಷ್ಟು ವರ್ಷದ ಕೆಲಸದಲ್ಲಿ ವೈರಿನ ಮೇಲೆ ನೀರು ಹರಿಯುವುದು ನೋಡಿದ್ದೆ, ವೈರಿನ ಒಳಗಿನಿಂದ ಸುರಿಯುವುದನ್ನು ನೋಡಿರಲಿಲ್ಲ.

"ಮೇಲೆ ಜಾಯಿಂಟ್ ಇರ್ಬೇಕು ಸಾರ್, ನೋಡೋಣ," ಅಂದರು ಅವರು. ಇತ್ತು. ಸೂರಿನ ಮೇಲೆ, ಮೀಟರಿಗಿಂತ ಸುಮಾರು ಹತ್ತಡಿ ಎತ್ತರದಲ್ಲಿ, ಹಳೆಯ ವೈರಿಗೆ ಯಾವಾಗಲೋ ಹೊಸ ತುಂಡು ಸೇರಿಸಿ ಟೇಪ್ ಸುತ್ತಿದ್ದರು. ಬಿಸಿಲಿಗೆ ಟೇಪ್ ಒಣಗಿ, ಸಿಪ್ಪೆ ಎದ್ದು, ಅರ್ಧ ಬಿಚ್ಚಿಕೊಂಡಿತ್ತು. ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ, ಅಂದರೆ ಇನ್ಸುಲೇಷನ್, ಕತ್ತರಿಸಿದ ಬಾಯಿ ಆಕಾಶ ನೋಡುತ್ತಿತ್ತು. ಥೇಟ್ ಆಲಿಕೆ.

ಆಮೇಲೆ ಕೂತು ಯೋಚಿಸಿದಾಗ ಎಲ್ಲ ಸರಿಹೊಂದಿತು. ಎಳೆ ಎಳೆಯಾಗಿ ಹೆಣೆದ ವೈರಿನಲ್ಲಿ ಎಳೆಗಳ ನಡುವೆ ಸಂದು ಇದ್ದೇ ಇರುತ್ತದೆ. ಮೇಲಿನ ಬಾಯಿಯಿಂದ ಒಳಗಿಳಿದ ನೀರಿಗೆ ಇನ್ಸುಲೇಷನ್ನೇ ಪೈಪು. ನಮ್ಮ ವೈರು ಮೀಟರಿನ ಕೆಳಗಿಳಿದು, ಮತ್ತೆ ಮೇಲಕ್ಕೆ ಬಾಗಿ ಟರ್ಮಿನಲ್ಲಿಗೆ ಹೋಗುತ್ತದೆ. ಹಾಗೆ ಬಾಗಿಸಿದರೆ ನೀರು ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ ಅಂತ ನಾವೆಲ್ಲ ನಂಬಿರುತ್ತೇವೆ. ವೈರಿನ ಹೊರಮೈ ಮೇಲೆ ಬರುವ ನೀರಿಗೆ ಅದು ನಿಜ. ಒಳಗೆ ಬರುವ ನೀರಿಗೆ ಅಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿದ ಟ್ಯೂಬ್ ಹಿಡಿಯುತ್ತಾರಲ್ಲ, ಅದೇ ಕತೆ. ಒಂದು ತುದಿ ಹತ್ತಡಿ ಮೇಲಿದ್ದರೆ ಇನ್ನೊಂದು ತುದಿಯಲ್ಲಿ ನೀರು ಉಕ್ಕಲೇಬೇಕು. ಆ ಇನ್ನೊಂದು ತುದಿ ನಮ್ಮ ಮೀಟರಿನ ಟರ್ಮಿನಲ್ ಆಗಿತ್ತು. ನಾನು ಶೀಟ್ ಎಳೆದದ್ದು, ಪ್ಲಾಸ್ಟಿಕ್ ಸುತ್ತಿದ್ದು ಎಲ್ಲ ಬಾಗಿಲಿಗೆ ಬೀಗ ಹಾಕಿ ಕಳ್ಳನನ್ನು ಒಳಗೇ ಕೂರಿಸಿದ ಹಾಗಾಯಿತು.

ಹೊಸ ಮೀಟರ್ ಬರುವ ತನಕ ಲೈನ್ ಬಿಡಿಸಿಯೇ ಇತ್ತು. ಆ ಹೊತ್ತನ್ನು ಹಾಳು ಮಾಡಲಿಲ್ಲ. ವೈರಿನಲ್ಲಿ ಕರೆಂಟಿಲ್ಲ ಅಂತ ಖಾತ್ರಿ ಮಾಡಿಕೊಂಡು, ಗೋಡೆಗೆ ವೈರು ಬಂದು ಸೇರುವ ಕಡೆ ಒಂದು ಚೊಂಬು ನೀರು ಸುರಿದು ಕೆಳಗಿಳಿದು ನೋಡಿದೆ. ಹೊರಮೈಯ ನೀರೂ ಅರ್ಧಕ್ಕರ್ಧ, ವೈರನ್ನು ಬಾಕ್ಸಿಗೆ ಇಳಿಸುವ ಪೈಪಿನ ಬಾಯಿಗೇ ಹೋಗುತ್ತಿತ್ತು. ವೈರು ಕಂಬದಿಂದ ಇಳಿಜಾರಾಗಿ ಬಂದು ನೇರ ಪೈಪಿಗೆ ನುಗ್ಗುತ್ತಿತ್ತು, ಪೈಪಿನ ಬಾಯಿ ಮೇಲ್ಮುಖ. ಅಂದರೆ ದಾರಿ ಒಂದಲ್ಲ, ಎರಡು. ಬಾಕ್ಸಿನ ತಳದಲ್ಲಿ ನಿಂತ ನೀರು ಪೈಪಿನದು, ಮೀಟರಿನೊಳಗಿನ ಮಂಜು ವೈರಿನದು.

ತಳದಲ್ಲಿ ನೀರು ನಿಂತದ್ದು ಯಾಕೆ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಬಾಕ್ಸಿಗೆ ಕೆಳಗಡೆ ನೀರು ಹೋಗಲು ಸಣ್ಣ ತೂತು ಇತ್ತು. ಕುಂಬಾರ ಹುಳ ಅದಕ್ಕೆ ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ನನ್ನ ಟೇಪಿಗಿಂತ ಗಟ್ಟಿ ಕೆಲಸ.

ಮೀಟರಿಗೆ ಬರುವ ವೈರನ್ನು ಲೈನ್‌ಮನ್ ಬದಲಾಯಿಸಿದರು. ಕಂಬದಿಂದ ಮೀಟರಿನ ತನಕ ಒಂದೇ ತುಂಡು, ನಡುವೆ ಜಾಯಿಂಟ್ ಇಲ್ಲ. ಕಂಬದ ತುದಿಯಲ್ಲೂ ಇನ್ಸುಲೇಷನ್ ಬಿಡಿಸಿದ ಬಾಯಿ ಕೆಳಮುಖವಾಗಿ ಇರಲಿ ಅಂತ ಕೇಳಿಕೊಂಡೆ, ಹಾಗೇ ಮಾಡಿಕೊಟ್ಟರು. ಗೋಡೆಯ ಹತ್ತಿರ ಪೈಪಿಗೆ ಹೋಗುವ ಮುಂಚೆ ವೈರನ್ನು ಒಂದು ಗೇಣಿನಷ್ಟು ಕೆಳಗೆ ಜೋಲು ಬಿಡಿಸಿದೆ. ನಮ್ಮ ಪಾಲಿನ ಕೆಲಸ ನಾನು ಮಾಡಿಕೊಂಡೆ. ಪೈಪಿನ ತುದಿಗೆ ಎರಡು ಬೆಂಡ್ ಹಾಕಿ ಬಾಯಿ ನೆಲ ನೋಡುವ ಹಾಗೆ ತಿರುಗಿಸಿದೆ, ಕೊಡೆಯ ಹಿಡಿಯ ಹಾಗೆ. ಬಾಕ್ಸಿನ ನೆತ್ತಿಯಲ್ಲಿದ್ದ ಹಳೆಯ ತೂತುಗಳಿಗೆ ಸಿಲಿಕೋನ್ ತುಂಬಿದೆ. ಕೆಳಗಿನ ತೂತಿಗೆ ಮಾತ್ರ ಏನೂ ತುಂಬಲಿಲ್ಲ, ಮಣ್ಣು ತೆಗೆದು ಸಣ್ಣ ಪ್ಲಾಸ್ಟಿಕ್ ಜಾಲರಿ ಕೂರಿಸಿದೆ. ಸಿಲಿಕೋನ್ ಕೈಯಲ್ಲಿದ್ದರೆ ಸಿಕ್ಕ ಸಿಕ್ಕ ಕಡೆ ಹಚ್ಚುವ ಚಟ ನಮ್ಮಲ್ಲಿ ತುಂಬ ಜನಕ್ಕಿದೆ, ನನಗೂ ಇತ್ತು. ಬೋರ್ಡು ಗೋಡೆಗೆ ಅಂಟಿಕೊಂಡಿತ್ತು, ಹಿಂದೆ ಸಂದು ಬಿಡಿಸಲು ಅರ್ಧ ಇಂಚಿನ ಬುಷ್ ಕೊಟ್ಟು ಗಾಳಿ ಆಡುವ ಹಾಗೆ ಮಾಡಿದೆ. ಒದ್ದೆ ಗೋಡೆಯ ತೇವ ಬೋರ್ಡಿಗೆ ಬರದೆ ಇರಲಿ ಅಂತ.

ಹೊಸ ಮೀಟರಿನ ಮುಖದ ಮೇಲೆ ಐಪಿ 51 ಅಂತ ಬರೆದಿತ್ತು. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ನೀರಿನ 1 ಅಂದರೆ ಮೇಲಿನಿಂದ ನೇರವಾಗಿ ಬೀಳುವ ಹನಿಯನ್ನು ತಡೆಯುತ್ತದೆ, ಅಷ್ಟೇ. ಎರಚಲಿಗೆ ಅದು ಸಾಲದು. ಎಲ್ಲ ಕಡೆಯಿಂದ ಸಿಡಿಯುವ ನೀರು ತಡೆಯಬೇಕಾದರೆ ಅಲ್ಲಿ 4 ಇರಬೇಕು. ಅಂದರೆ ಈ ಮೀಟರ್ ಇರಬೇಕಾದದ್ದು ಮನೆಯೊಳಗೆ, ಇಲ್ಲವೇ ಒಳ್ಳೆಯ ಬಾಕ್ಸಿನ ಒಳಗೆ. ಮೀಟರೇ ನೀರು ತಡೆಯುತ್ತದೆ ಅಂತ ಬಾಕ್ಸಿನ ಬಾಗಿಲು ಮುರಿದಾಗ ಸುಮ್ಮನಿರುವ ಹಾಗಿಲ್ಲ. ನಮ್ಮ ಬಾಗಿಲಿನ ರಬ್ಬರ್ ಕೂಡ ಗಟ್ಟಿಯಾಗಿ ಒಡೆದುಹೋಗಿತ್ತು, ಬದಲಾಯಿಸಿದೆ.

ಅದಾಗಿ ಬಂದ ಮೊದಲ ಜೋರು ಮಳೆಗೆ ಕೊಡೆ ಹಿಡಿದು ಹೊರಗೆ ನಿಂತೆ. ವೈರಿನ ಉದ್ದಕ್ಕೂ ಹನಿಗಳು ಸಾಲಾಗಿ ಜಾರಿ ಬಂದವು. ಜೋಲಿನ ತಳಕ್ಕೆ ಬಂದು, ದಪ್ಪಗಾಗಿ, ಟಪ್ ಅಂತ ಬಿದ್ದವು. ಒಂದೂ ಮೇಲಕ್ಕೆ ಏರಲಿಲ್ಲ. ಮೇನ್ ಆಫ್ ಮಾಡಿ ಕೆಂಪು ದೀಪವನ್ನು ಅರ್ಧ ಗಂಟೆ ನೋಡಿದೆ, ಮಿಟುಕಲಿಲ್ಲ. ಕತ್ತಲಲ್ಲಿ ಕೂತಿದ್ದ ಅಮ್ಮ "ಸಾಕು ಬಾರೋ, ಫ್ಯಾನ್ ಹಾಕು" ಅಂತ ಕೂಗಿದ ಮೇಲೆ ಒಳಗೆ ಬಂದೆ.

ಈಗ ಜೋಲಿನ ಕೆಳಗೆ ನೆಲದಲ್ಲಿ ಒಂದು ಸಣ್ಣ ಗುಳಿ ಬಿದ್ದಿದೆ. ಕುಂಬಾರ ಹುಳ ಜಾಲರಿಯ ಅಂಚಿಗೆ ಮತ್ತೆ ಮಣ್ಣು ತರುವುದಕ್ಕೆ ಶುರು ಮಾಡಿದೆ.