ಹಳೆಯ ಪ್ರಕಾಶಕರ ಸೂಚಿಪತ್ರ, ಕರಪತ್ರ ಕೂಡಿಹಾಕುವವರಿಗೆ

ಪುಸ್ತಕವನ್ನು ಜನ ಇಟ್ಟುಕೊಳ್ಳುತ್ತಾರೆ, ಅದರೊಳಗಿನ ಚೀಟಿಯನ್ನು ಎಸೆಯುತ್ತಾರೆ. ಹಾಗಾಗಿ 1940ರ ಒಂದು ಕಾದಂಬರಿ ಹತ್ತು ಕಡೆ ಸಿಕ್ಕೀತು. ಅದನ್ನು ಮಾರಲು ಅಚ್ಚು ಹಾಕಿಸಿದ ಒಂದಾಣೆ ಬೆಲೆಯಿಲ್ಲದ ಕರಪತ್ರ ಒಂದು ಕಡೆ ಸಿಕ್ಕರೂ ಪುಣ್ಯ.

ಮೊದಲು ಮಾಡಬೇಕಾದದ್ದು, ಒಬ್ಬ ಪ್ರಕಾಶಕರನ್ನು ಆರಿಸಿಕೊಳ್ಳುವುದು. ಕಂಡದ್ದನ್ನೆಲ್ಲ ತಂದರೆ ಎರಡು ವರ್ಷದಲ್ಲಿ ಮನೆಯಲ್ಲಿ ರದ್ದಿಯ ರಾಶಿ ಉಳಿಯುತ್ತದೆ. ಒಬ್ಬರದ್ದೇ ಕಾಗದಗಳಾದರೆ ಒಂದು ಚೀಟಿ ಇನ್ನೊಂದರ ತಾರೀಖು ಹೇಳುತ್ತದೆ. ಚಂದಾ ಪದ್ಧತಿಯ ಪ್ರಕಾಶನವಾದರೆ ಇನ್ನೂ ಒಳ್ಳೆಯದು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಅಂಥದ್ದು. ವರ್ಷಕ್ಕೊಮ್ಮೆ ಚಂದಾ ಪಡೆದು ಊರೂರಿಗೆ ಪುಸ್ತಕ ಕಳಿಸುವ ಯಾವ ಸಂಸ್ಥೆಗಾದರೂ ಕಾಗದದ ಓಡಾಟ ತಪ್ಪದು: ವಿನಂತಿಪತ್ರ, ಚಂದಾ ಅರ್ಜಿ, ರಸೀದಿ, ವಿ.ಪಿ. (ಹಣ ಕೊಟ್ಟು ಬಿಡಿಸಿಕೊಳ್ಳುವ ಅಂಚೆ) ಸೂಚನೆಯ ಕಾರ್ಡು, ಹೆಸರು ಅಚ್ಚಾದ ಲಕೋಟೆ, ಪುಸ್ತಕ ಸುತ್ತಿದ ಬುಕ್‌ಪೋಸ್ಟ್ ಹೊದಿಕೆ. ಇವೂ ಸಂಗ್ರಹದ ವಸ್ತುಗಳೇ. ಬರೀ ಬಣ್ಣದ ಕ್ಯಾಲೆಂಡರು, ಪುಟಗುರುತುಗಳ ಹಿಂದೆ ಬಿದ್ದವರು ಹೊದಿಕೆಯನ್ನು ಬಿಟ್ಟುಬಿಡುತ್ತಾರೆ, ಆದರೆ ಅಂಚೆ ಮುದ್ರೆಯ ತಾರೀಖು ಇರುವುದು ಅದರ ಮೇಲೆಯೇ.

ಹುಡುಕಬೇಕಾದ ಜಾಗ ಹಳೆಯ ಪುಸ್ತಕದ ಒಡಲು. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಅಂಗಡಿಯವರು ಪುಸ್ತಕ ಜೋಡಿಸುವ ಮೊದಲು ಕೊಡವಿ ಒಳಗಿನ ಚೀಟಿಗಳನ್ನು ಕಸಕ್ಕೆ ಹಾಕುವುದುಂಟು. ‘ಚೀಟಿ ಎಸೀಬೇಡ್ರಿ, ನನಗಿಡ್ರಿ’ ಎಂದು ಹೇಳಿಟ್ಟು, ಹೋದಾಗಲೆಲ್ಲ ಒಂದಾದರೂ ಪುಸ್ತಕ ಕೊಂಡರೆ ಅವರೇ ತೆಗೆದಿಡುತ್ತಾರೆ. ನೀವು ನೋಡುವಾಗ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕೊಡವಬೇಡಿ, ಹೊಲಿಗೆ ಸಡಿಲಾಗುತ್ತದೆ. ಮೇಜಿನ ಮೇಲಿಟ್ಟು ಹಾಳೆ ತಿರುವಿ. ನಿವೃತ್ತ ಮೇಷ್ಟರ ಮನೆಯ ಕಪಾಟು, ವಾಚನಾಲಯಗಳು ವಿಲೇವಾರಿಗೆ ಇಟ್ಟ ಕಟ್ಟು, ಬಾಗಿಲು ಹಾಕುತ್ತಿರುವ ಮುದ್ರಣಾಲಯ, ಮೂರನ್ನೂ ವಿಚಾರಿಸಿ. ಮುದ್ರಣಾಲಯದಲ್ಲಿ ಮಾದರಿಗೆಂದು ಇಟ್ಟುಕೊಂಡ ಪ್ರತಿಗಳ ಕಟ್ಟು, ಚಿತ್ರ ಅಚ್ಚು ಹಾಕಲು ಮರದ ತುಂಡಿಗೆ ಮೊಳೆ ಹೊಡೆದ ಸತುವಿನ ಬ್ಲಾಕುಗಳು ಸಿಗಬಹುದು. ಬ್ಲಾಕು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತದೆ, ಅದಕ್ಕೂ ಮುಂಚೆ ತಲುಪಬೇಕು.

ಹಳೆಯ ಪತ್ರಿಕೆಗಳಲ್ಲಿ, 1922ರಿಂದ ಬಂದ ‘ಜಯ ಕರ್ನಾಟಕ’ದಂಥವುಗಳಲ್ಲಿ, ಪುಸ್ತಕದ ಜಾಹೀರಾತುಗಳಿರುತ್ತವೆ. ಹಾಳೆ ಕತ್ತರಿಸಿದ ಜಾಹೀರಾತನ್ನು ಕೊಳ್ಳಬೇಡಿ. ಕೊಳ್ಳುವವರಿರುವುದರಿಂದಲೇ ಕತ್ತರಿಸುವವರಿದ್ದಾರೆ. ಕತ್ತರಿಸಿದ ಹಾಳೆಯಲ್ಲಿ ಸಂಚಿಕೆಯ ತಿಂಗಳೂ ಇರುವುದಿಲ್ಲ. ಪುಸ್ತಕದ ಕೊನೆಯಲ್ಲಿರುವ ‘ನಮ್ಮ ಇತರ ಪ್ರಕಟಣೆಗಳು’ ಪುಟಕ್ಕೂ ಇದೇ ಮಾತು: ಫೋಟೋ ತೆಗೆದುಕೊಂಡು ಬಿಟ್ಟುಬಿಡಿ.

ತಾರೀಖು ಕಂಡುಹಿಡಿಯುವುದು

ಸೂಚಿಪತ್ರಗಳಲ್ಲಿ ಇಸವಿ ಇರುವುದು ಅಪರೂಪ. ಬೆಲೆಯಿಂದ ಶುರುಮಾಡಿ. ‘1-8-0’ ಎಂದರೆ ಒಂದು ರೂಪಾಯಿ ಎಂಟಾಣೆ ಸೊನ್ನೆ ಪೈ. 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಹೊಸ ನಾಣ್ಯವನ್ನು 1964ರ ಜೂನ್ 1ರವರೆಗೆ ‘ನಯೇ ಪೈಸೆ’ ಎನ್ನುತ್ತಿದ್ದರು, ಆಮೇಲೆ ಬರೀ ಪೈಸೆ. ಹಾಗಾಗಿ ‘ನ.ಪೈ.’ ಎಂದು ಅಚ್ಚಾದ ಪಟ್ಟಿ ಹೆಚ್ಚುಕಡಿಮೆ ಆ ಏಳು ವರ್ಷದೊಳಗಿನದು. ಎಡವುವುದು ಇಲ್ಲಿಯೇ: 1-8-0 ಎಂದು ಅಚ್ಚಾಗಿದ್ದು ಪಕ್ಕದಲ್ಲಿ 1.50 ಎಂದು ರಬ್ಬರ್ ಮೊಹರು ಬಿದ್ದಿದ್ದರೆ, ಕಾಗದ 1957ಕ್ಕೂ ಹಿಂದಿನದು, ಬಳಕೆ ನಂತರದ್ದು. ಎರಡನ್ನೂ ಬರೆದಿಡಿ. ಅಚ್ಚಾಗಿ ಉಳಿದ ಪಟ್ಟಿಯನ್ನು ಎಸೆಯದೆ ಹೊಸ ಬೆಲೆ ಒತ್ತಿ ಬಳಸುವುದಿತ್ತು.

ಆಮೇಲೆ ವಿಳಾಸ. ಧಾರವಾಡ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು, ಅಲ್ಲಿಂದ ಮೈಸೂರು ರಾಜ್ಯ, 1973ರ ನವೆಂಬರ್ 1ರಿಂದ ಕರ್ನಾಟಕ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ‘ಧಾರವಾಡ 580001, ಮೈಸೂರು ರಾಜ್ಯ’ ಎಂದು ಎರಡೂ ಒಟ್ಟಿಗಿರುವ ಲಕೋಟೆ ಕೈಗೆ ಬಂದರೆ ಅದು ಅಚ್ಚಾದ ಕಾಲ ಸುಮಾರು ಹದಿನಾಲ್ಕು ತಿಂಗಳ ಕಿಂಡಿಗೆ ಇಳಿಯಿತು.

ಕೆಲವು ಕಾಗದಗಳಲ್ಲಿ ಸಂವತ್ಸರ ಮಾತ್ರ ಇರುತ್ತದೆ. ಶ್ರೀಮುಖ ಎಂದರೆ 1933-34, ಅಥವಾ 60 ವರ್ಷ ಕಳೆದು 1993-94. ಕಾಗದ, ಅಚ್ಚು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಮರೆಯುವುದು ಇನ್ನೊಂದನ್ನು: ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಶ್ರೀಮುಖದ ಮಾಘ ಮಾಸ 1934ಕ್ಕೆ ಬರುತ್ತದೆ.

ಕರಪತ್ರದ ತಳದ ಸಣ್ಣ ಸಾಲನ್ನು ಬಿಡಬೇಡಿ. 1867ರ ಮುದ್ರಣ ಕಾಯಿದೆ ಪ್ರಕಾರ ಮುದ್ರಕರ ಹೆಸರು, ಊರು ಅಚ್ಚಾಗಿರಬೇಕಿತ್ತು. ಪ್ರಕಾಶಕರು ಮುದ್ರಣಾಲಯ ಬದಲಿಸಿದ ಕಾಲ ಅವರ ಪುಸ್ತಕಗಳಿಂದ ತಿಳಿದರೆ ಕರಪತ್ರದ ಕಾಲವೂ ತಿಳಿಯಿತು. ಪಟ್ಟಿಯಲ್ಲಿ ‘ಹೊಸದು’ ಎಂದಿರುವ ಪುಸ್ತಕದ ಮೊದಲ ಮುದ್ರಣದ ವರ್ಷವನ್ನೂ ನೋಡಿ. ಪಟ್ಟಿ ಅದಕ್ಕಿಂತ ಹಿಂದಿನದಾಗಿರಲಾರದು.

ಅಸಲಿಯೋ ಎಂಬ ಅನುಮಾನ ಬಂದರೆ 10 ಪಟ್ಟಿನ ಭೂತಗನ್ನಡಿ ಸಾಕು. ಅಕ್ಷರದ ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಅಕ್ಷರದ ಅಂಚಿಗೆ ಮಸಿ ಒತ್ತಿಕೊಂಡು ದಪ್ಪ ಗೆರೆಯಾಗಿರುತ್ತದೆ, ಕಾಗದದ ಬೆನ್ನ ಮೇಲೆ ಬೆರಳಾಡಿಸಿದರೆ ಉಬ್ಬು ತಾಗುತ್ತದೆ. ಬಣ್ಣದ ಜೆರಾಕ್ಸಿನಲ್ಲಿ ಮಸಿ ಕಾಗದದ ಮೇಲೆ ಕೂತು ಓರೆ ಬೆಳಕಿಗೆ ಮಿಂಚುತ್ತದೆ. ಇಂಕ್‌ಜೆಟ್‌ನದು ಸಣ್ಣ ಚುಕ್ಕೆಗಳಾಗಿ ಚದುರಿರುತ್ತದೆ.

ಮನೆಗೆ ತಂದ ದಿನ

ತಂದದ್ದನ್ನು ನೇರವಾಗಿ ಉಳಿದವುಗಳ ಜೊತೆ ಸೇರಿಸಬೇಡಿ. ಹುಳದ ಗುರುತಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, -18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ.

ಗುಂಡುಸೂಜಿಯನ್ನು ಎಳೆಯಬೇಡಿ. ತುಕ್ಕು ಕಾಗದದ ನಾರಿಗೆ ಕಚ್ಚಿಕೊಂಡಿರುತ್ತದೆ, ಎಳೆದರೆ ಕಾಗದದ ಚೂರೂ ಜೊತೆಗೇ ಬರುತ್ತದೆ. ಸೂಜಿಯ ಕೆಳಗೂ ಮೇಲೂ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಕಾಗದ ಬಿಡಿಸಿಕೊಂಡ ಮೇಲೆ ಸೂಜಿಯನ್ನು ಮೆಲ್ಲಗೆ ಜಾರಿಸಿ. ಸೆಲ್ಲೋಟೇಪ್ ಅಂಟಿಸಿದ್ದರೆ ಕೀಳುವ ಗೋಜಿಗೆ ಹೋಗಬೇಡಿ. ಹೊಸದಾಗಿ ಅಂಟಿಸಲಂತೂ ಬೇಡ. ಲ್ಯಾಮಿನೇಷನ್ ಮಾಡಿಸಿದರೆ ಆ ಕಾಗದದ ಕಥೆ ಅಲ್ಲಿಗೆ ಮುಗಿಯಿತು.

ಮಡಿಕೆ ಗಟ್ಟಿಯಾದ ಕರಪತ್ರವನ್ನು ಒಣಗಿದ್ದಾಗಲೇ ಬಿಡಿಸಿದರೆ ಮಡಿಕೆಯಲ್ಲೇ ಮುರಿಯುತ್ತದೆ. ಮುಚ್ಚಳವಿರುವ ಡಬ್ಬಿಯ ತಳದಲ್ಲಿ ಹಿಂಡಿದ ಒದ್ದೆ ಬಟ್ಟೆ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಕಾಗದ. ಬಟ್ಟೆ ಕಾಗದಕ್ಕೆ ತಾಗಬಾರದು. ನಾಲ್ಕೈದು ಗಂಟೆಯಲ್ಲಿ ಮೆತ್ತಗಾಗುತ್ತದೆ. ಬಿಡಿಸಿ, ಎರಡು ಬ್ಲಾಟಿಂಗ್ ಹಾಳೆಗಳ ನಡುವೆ ಭಾರ ಹೇರಿ ಎರಡು ದಿನ ಬಿಡಿ. ರಾತ್ರಿಯಿಡೀ ಡಬ್ಬಿಯಲ್ಲೇ ಮರೆತರೆ ಬೂಷ್ಟು.

ಇದಕ್ಕೂ ಮುಂಚೆ ನೇರಳೆ ಬಣ್ಣ ಎಲ್ಲಾದರೂ ಇದೆಯೇ ನೋಡಿ. ಅಚ್ಚಿನ ಕಪ್ಪು ಮಸಿ ಎಣ್ಣೆಯದು, ತೇವಕ್ಕೆ ಜಗ್ಗುವುದಿಲ್ಲ. ರಬ್ಬರ್ ಮೊಹರಿನ ನೇರಳೆ ಮಸಿ, ರಸೀದಿ ಬರೆಯುತ್ತಿದ್ದ ಕಾಪಿಯಿಂಗ್ ಪೆನ್ಸಿಲ್ಲಿನ ಗೀಟು ನೀರಿಗೆ ಕರಗುವಂಥವು. ಪೆನ್ಸಿಲ್ ಗೀಟು ಒಣಗಿದ್ದಾಗ ಬೂದು ಬಣ್ಣಕ್ಕಿದ್ದು ಮಾಮೂಲಿ ಸೀಸದ ಕಡ್ಡಿಯಂತೆ ಕಂಡು ಮೋಸ ಮಾಡುತ್ತದೆ. ತೇವ ತಾಗಿದೊಡನೆ ನೇರಳೆಯಾಗಿ ಹರಡುತ್ತದೆ. ಸುಮಾರು ರಸೀದಿಗಳು ಹಾಳಾಗುವುದು ಹೀಗೆಯೇ. ಕೈಬರಹ ಅಥವಾ ಮೊಹರು ಇರುವ ಕಾಗದಕ್ಕೆ ತೇವದ ಡಬ್ಬಿ ಬೇಡವೇ ಬೇಡ, ಮಡಿಕೆ ಇದ್ದರೆ ಇರಲಿ.

ಇಡುವುದಕ್ಕೆ 75 ಮೈಕ್ರಾನಿನ ಪಾಲಿಯೆಸ್ಟರ್ ಕವರು ಒಳ್ಳೆಯದು. ಸ್ಟೇಷನರಿ ಅಂಗಡಿಯ ಮೆತ್ತನೆಯ, ವಾಸನೆ ಬರುವ ಪಿವಿಸಿ ಕವರು ಕೆಲವೇ ವರ್ಷದಲ್ಲಿ ಜಿಗುಟಾಗಿ ಅಚ್ಚಿನ ಮಸಿಯನ್ನು ಎತ್ತಿಕೊಳ್ಳುತ್ತದೆ. ಎರಡನೇ ಮಹಾಯುದ್ಧಕಾಲದ ಕಾಗದ ಅಭಾವದಲ್ಲಿ ಅಚ್ಚಾದ ಕಂದು ಕಾಗದಗಳನ್ನು ಬೇರೆಯೇ ಕವರಿನಲ್ಲಿಡಿ, ಅವುಗಳ ಆಮ್ಲ ಪಕ್ಕದ ಹಾಳೆಗೂ ಕಲೆ ಹಚ್ಚುತ್ತದೆ. ಪೆಟ್ಟಿಗೆ ನೆಲದಿಂದ ನಾಲ್ಕಿಂಚು ಮೇಲೆ, ಹೊರಗೋಡೆಗೆ ತಾಗದಂತಿರಲಿ. ಮಳೆಗಾಲದಲ್ಲಿ ತೇವಾಂಶ ಶೇ. 65 ದಾಟಿದರೆ ಬೂಷ್ಟಿಗೆ ಹಬ್ಬ. ಬೂಟಿನ ಡಬ್ಬಿಯಷ್ಟು ಪೆಟ್ಟಿಗೆಗೆ 50 ಗ್ರಾಂ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗ ಹೊಸದು ಇಡಿ. ಹುಳ ಬಾರದಿರಲೆಂದು ಇಡುವ ಬೇವಿನೆಲೆ, ಬಜೆ ಬೇರು ಕಾಗದಕ್ಕೆ ತಾಗಿದರೆ ಕಲೆಯಾಗುತ್ತದೆ.

ಬರೆದಿಡುವುದು

ಕ್ರಮಸಂಖ್ಯೆಯನ್ನು 2ಬಿ ಪೆನ್ಸಿಲ್ಲಿನಲ್ಲಿ ಹಿಂಬದಿಯ ಮೂಲೆಗೆ ಬರೆಯಿರಿ. ವಹಿಯಲ್ಲಿ ಅಳತೆ ಮಿಲಿಮೀಟರಿನಲ್ಲಿ, ಮುದ್ರಕರ ಹೆಸರು, ಬೆಲೆಯ ರೂಪ, ಊಹಿಸಿದ ಕಾಲ, ಊಹೆಗೆ ಕಾರಣ. ಯಾವ ಪುಸ್ತಕದ ಎಷ್ಟನೇ ಪುಟದಲ್ಲಿ ಸಿಕ್ಕಿತು ಎಂಬುದನ್ನು ಅಂದೇ ಬರೆಯಬೇಕು, ನಾಳೆಗೆ ನೆನಪಿರುವುದಿಲ್ಲ. ಸ್ಕ್ಯಾನ್ 600 ಡಿಪಿಐ, ಬಣ್ಣದಲ್ಲಿ, ಖಾಲಿ ಬೆನ್ನೂ ಸೇರಿ ಎರಡೂ ಬದಿ. ಹೊದಿಕೆಯ ಸ್ಟಾಂಪು ಕೀಳಬೇಡಿ, ಅರ್ಧ ಮುದ್ರೆ ಅದರ ಮೇಲಿರುತ್ತದೆ.

‘ಅಚ್ಚಿನಲ್ಲಿದೆ’, ‘ಶೀಘ್ರದಲ್ಲಿ ಬರಲಿದೆ’ ಎಂದಿರುವ ಹೆಸರುಗಳಿಗೆ ಬೇರೆಯೇ ಪಟ್ಟಿ ಮಾಡಿ. ಕೆಲವು ಪುಸ್ತಕ ಬೇರೆ ಹೆಸರಿನಲ್ಲಿ ಬಂದಿರುತ್ತವೆ, ಕೆಲವು ಬಂದೇ ಇರುವುದಿಲ್ಲ. ಹೋಲಿಸಿ ನೋಡಲು, ಸ್ವಾತಂತ್ರ್ಯಪೂರ್ವದ ಧಾರವಾಡದ ಪುಸ್ತಕಗಳಿಗೆ ಮುಂಬಯಿ ಪ್ರಾಂತದ ಸರ್ಕಾರ ಹೊರತರುತ್ತಿದ್ದ ತ್ರೈಮಾಸಿಕ ಪುಸ್ತಕ ನೋಂದಣಿ ಪಟ್ಟಿ, ಮಂಗಳೂರಿನವಕ್ಕೆ ಮದರಾಸಿನದು. 1954ರ ಕಾಯಿದೆಯ ನಂತರದವಕ್ಕೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಅಲ್ಲಿಗೆ ಒಂದು ಪ್ರತಿ ಕಳಿಸುವುದು ಕಡ್ಡಾಯವಾಗಿತ್ತು. ಯಾವ ಪಟ್ಟಿಯಲ್ಲೂ ಸಿಗದ ಹೆಸರಿನ ಮುಂದೆ ಪ್ರಶ್ನಾರ್ಥಕ ಹಾಕಿ ಬಿಡಿ, ‘ಪ್ರಕಟವಾಗಲಿಲ್ಲ’ ಎಂದು ಬರೆಯಬೇಡಿ.